ಆಫ್ರಿಕಾ ಸುತ್ತಿ ಬಂದ ಅಪ್ಪ, ತರಗತಿಯಲ್ಲಿ ಬಾಯಿ ಬಿಡದ ಮಗ

ಗುರುತು ಸಿಗಬಾರದೆಂದು ಹೆಸರು, ಊರು, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಆ ಹುಡುಗನ ಒಪ್ಪಿಗೆ ಇದೆ. ಸಮುದಾಯದ ಹೆಸರನ್ನು ಮಾತ್ರ ಹಾಗೇ ಉಳಿಸಿದ್ದೇನೆ. ಅದನ್ನು ಮುಚ್ಚಿಟ್ಟರೆ ಅವನ ಕಷ್ಟ ಏನೆಂದೇ ಗೊತ್ತಾಗುವುದಿಲ್ಲ. ಉಳಿಸಿ ಎಂದವನೂ ಅವನೇ.

ರವಿ ಎಂದಿಟ್ಟುಕೊಳ್ಳೋಣ. ಬಿ.ಕಾಂ ಎರಡನೇ ವರ್ಷ, ಹಾಸ್ಟೆಲ್ ಹುಡುಗ. ಹಾಜರಾತಿ ಕಮ್ಮಿ ಆಯಿತೆಂದು ವಾರ್ಡನ್ ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಕಳಿಸಿದ್ದರು. ಚೀಟಿಯಲ್ಲಿ 'ಓದಿನಲ್ಲಿ ಆಸಕ್ತಿ ಇಲ್ಲ, ಯಾರ ಜೊತೆಯೂ ಬೆರೆಯುವುದಿಲ್ಲ' ಎಂದಿತ್ತು. ಆದರೆ ಇಂಟರ್ನಲ್ಸ್ ಅಂಕ ನೋಡಿದರೆ ಆಸಕ್ತಿ ಇಲ್ಲದವನ ಅಂಕ ಅದಲ್ಲ. ಸೆಮಿನಾರ್ ಕೊಡಬೇಕಾದ ಕಡೆ ಮಾತ್ರ ಸೊನ್ನೆ.

ಮೊದಮೊದಲು 'ಹೂಂ', 'ಇಲ್ಲ ಮೇಡಂ' ಬಿಟ್ಟರೆ ಮಾತೇ ಇಲ್ಲ. ನಿದ್ದೆ ಹೇಗಿದೆ ಎಂದು ಕೇಳಿದಾಗ ಸ್ವಲ್ಪ ಬಾಯಿ ಬಿಟ್ಟ. ರಾತ್ರಿ ಫೋನ್ ರಿಂಗಾದರೆ ಎದೆ ಹೊಡೆದುಕೊಳ್ಳುತ್ತದಂತೆ. ಬೇರೆಯವರ ಫೋನ್ ಆದರೂ ಅಷ್ಟೇ. ಇದು ಯಾವಾಗಿಂದ ಎಂದರೆ, 'ಸುಡಾನ್ ಗಲಾಟೆ ಆಯ್ತಲ್ಲ, ಆಗಿಂದ' ಎಂದ.

ಇವನು ಹಕ್ಕಿಪಿಕ್ಕಿ ಸಮುದಾಯದ ಹುಡುಗ. ಶಿವಮೊಗ್ಗ, ದಾವಣಗೆರೆ, ಮೈಸೂರು ಕಡೆಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಹುಣಸೂರಿನ ಪಕ್ಷಿರಾಜಪುರದ ಹೇರ್ ಆಯಿಲ್ ನೋಡಿ ಉಳಿದವರಿಗೂ ಈಗ ಹೆಸರು ಗೊತ್ತಾಗಿದೆ. ಮನೆಮಾತು ವಾಗ್ರಿ. ಹಿಂದೆ ಬೇಟೆ ಇವರ ಬದುಕಾಗಿತ್ತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ನಿಂತಿತು. ಬೇರು, ಎಣ್ಣೆ, ಗಿಡಮೂಲಿಕೆ ಹಿಡಿದು ಜಾತ್ರೆ ಜಾತ್ರೆ ಸುತ್ತಿದರು. ಆಮೇಲೆ ಅದನ್ನೇ ಹೊತ್ತುಕೊಂಡು ಆಫ್ರಿಕಾಕ್ಕೆ ಹೋದರು. ರವಿಯ ಅಪ್ಪ ಓದಿದ್ದು ನಾಲ್ಕನೇ ಕ್ಲಾಸು. ಸೆನೆಗಲ್, ಐವರಿ ಕೋಸ್ಟ್, ಕ್ಯಾಮರೂನ್, ಗ್ಯಾಬಾನ್ ನೋಡಿ ಬಂದಿದ್ದಾರೆ. ಸಾಲ ಮಾಡಿ ಟಿಕೆಟ್ ಕೊಳ್ಳುತ್ತಾರೆ, ಆರು ತಿಂಗಳು ದುಡಿಯುತ್ತಾರೆ, ಬಂದು ಸಾಲ ತೀರಿಸುತ್ತಾರೆ.

ಅವನು ಕ್ಲಾಸಿಗೆ ಹೋಗುವುದನ್ನು ಬಿಟ್ಟಿದ್ದಕ್ಕೆ ಒಂದು ನಿರ್ದಿಷ್ಟ ದಿನವೇ ಇತ್ತು. ವಿದೇಶಿ ವಿನಿಮಯದ ಪಾಠ. ಮೇಷ್ಟ್ರು ಪಾಠದ ನಡುವೆ ಇವನ ಕಡೆ ನೋಡಿ, 'ಏನಪ್ಪಾ, ನಿಮ್ಮ ಕ್ಯಾಂಪಲ್ಲಿ ಯಾರಾದ್ರೂ ಡಾಲರ್ ಅಂದ್ರೆ ಹೇಗಿರುತ್ತೆ ಅಂತ ನೋಡಿದಾರಾ?' ಎಂದು ಕೇಳಿದರು. ಹಕ್ಕಿಪಿಕ್ಕಿ ಜನ ನೆಲೆಸಿದ ಕಾಲೊನಿಗೆ ಕ್ಯಾಂಪ್ ಅನ್ನುತ್ತಾರೆ. ಕ್ಲಾಸು ನಕ್ಕಿತು. ಮಧ್ಯಾಹ್ನ ಹಾಸ್ಟೆಲ್‌ನಲ್ಲಿ ಅದೇ ಮಾತು ಹಾಡಾಯಿತು. 'ಡಾಲರ್' ಅನ್ನೋದೇ ಅಡ್ಡಹೆಸರಾಯಿತು. ಅದಕ್ಕೂ ಮುಂಚೆ ಲಿಫ್ಟ್ ಹತ್ತೋದು ಗೊತ್ತಾ, ರೈಲು ನೋಡಿದ್ದೀಯಾ, ಪಿಜ್ಜಾ ತಿಂದಿದ್ದೀಯಾ ಎಲ್ಲ ಆಗಿತ್ತು.

ಆ ಹೊತ್ತಿಗೆ ಅವನ ಮನೆಯ ಟ್ರಂಕಿನಲ್ಲಿ ಏನಿತ್ತು ಎಂದು ನಾನು ಕೇಳಿ ತಿಳಿದುಕೊಂಡೆ. ಅಪ್ಪನ ಪಾಸ್‌ಪೋರ್ಟು. ಅದರ ಜೊತೆ ಹಳದಿ ಜ್ವರದ ಲಸಿಕೆಯ ಪುಟ್ಟ ಹಳದಿ ಪುಸ್ತಕ, ಮಡಿಕೆ ಹರಿಯದಿರಲೆಂದು ಪ್ಲಾಸ್ಟಿಕ್ ಹಾಕಿದ್ದು. ಹೊರಡುವುದಕ್ಕೆ ಕನಿಷ್ಠ 10 ದಿನ ಮುಂಚೆ ಚುಚ್ಚುಮದ್ದು ಆಗಿರಬೇಕು, ಪುಸ್ತಕ ಇಲ್ಲದೆ ಆ ಕಡೆಯಿಂದ ವಾಪಸ್ ಬಂದರೆ ಇಲ್ಲಿ 6 ದಿನದವರೆಗೆ ಪ್ರತ್ಯೇಕವಾಗಿ ಕೂಡಿಹಾಕುತ್ತಾರೆ. ಇದು ಮನೆಯ ಮಕ್ಕಳಿಗೆಲ್ಲ ಗೊತ್ತು. ಕೆಲವು ಡಾಲರ್ ನೋಟು. ಮತ್ತೆ ಎರಡು ಬೇರೆ ಬೇರೆ ಕವರಿನಲ್ಲಿ ಅಪ್ಪ ಸುತ್ತಿದ ಆ ದೇಶಗಳ ಹಣ, ಸಿಎಫ್ಎ ಫ್ರಾಂಕ್. ಎರಡು ಯಾಕೆ ಎಂದು ಕೇಳಿದೆ. ಅವನ ಮುಖ ಅರಳಿದ್ದು ಆಗಲೇ.

'ಮೇಡಂ, ಹೆಸರು ಒಂದೇ, ರೇಟೂ ಒಂದೇ. ಒಂದು ಯೂರೋಗೆ 655.957. ಆದ್ರೆ ಸೆನೆಗಲ್ ಕಡೆ 8 ದೇಶದ ನೋಟು ಬೇರೆ, ಕ್ಯಾಮರೂನ್ ಕಡೆ 6 ದೇಶದ ನೋಟು ಬೇರೆ. ಅಲ್ಲಿದ್ದು ಇಲ್ಲಿ ಅಂಗಡೀಲಿ ತಗೊಳಲ್ಲ. ಅಪ್ಪಂಗೆ ಮೊದಲ ಸಲ ಗೊತ್ತಿರಲಿಲ್ಲ, ಕೈ ಸುಟ್ಕೊಂಡ್ರು. ಅದಕ್ಕೆ ಬೇರೆ ಬೇರೆ ಕವರ್.'

ಎರಡನೇ ವರ್ಷದ ಬಿ.ಕಾಂ ಹುಡುಗನ ಬಾಯಲ್ಲಿ ಇಷ್ಟು ಚೊಕ್ಕವಾಗಿ ಸ್ಥಿರ ವಿನಿಮಯ ದರ ಬರುವುದನ್ನು ನಾನು ಕೇಳಿಲ್ಲ. ಹಾಗಾದರೆ ಕ್ಲಾಸಿನಲ್ಲಿ ಯಾಕೆ ಹೇಳಲಿಲ್ಲ?

'ಹೇಳಿದ್ರೆ ಇನ್ನೊಂದು ಪ್ರಶ್ನೆ ಬರುತ್ತೆ ಮೇಡಂ. ನಿಮ್ಮಂಥೋರು ಅಲ್ಲಿಗೆ ಹೆಂಗೆ ಹೋದ್ರಿ ಅಂತ.'

ಈ ಪ್ರಕರಣದ ಗಂಟು ಇರುವುದು ಇಲ್ಲಿ. ಏನೂ ಗೊತ್ತಿಲ್ಲ ಎಂದುಕೊಂಡಷ್ಟು ದಿನ ಅವನು ಗುಗ್ಗು. ಗೊತ್ತಿದೆ ಎಂದು ತೋರಿಸಿದ ಕ್ಷಣ ಅನುಮಾನ. ಇದನ್ನು ಅವನು ಊಹಿಸಿಕೊಂಡಿದ್ದಲ್ಲ, ಕಣ್ಣಾರೆ ಕಂಡಿದ್ದ. 2023ರ ಏಪ್ರಿಲ್ 15ರಂದು ಸುಡಾನ್‌ನಲ್ಲಿ ಸೇನೆಗೂ ಅರೆಸೇನಾ ಪಡೆಗೂ ಕಾಳಗ ಶುರುವಾದಾಗ ಕರ್ನಾಟಕದ ನೂರಕ್ಕೂ ಹೆಚ್ಚು ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಇವನ ಚಿಕ್ಕಪ್ಪ ಎಲ್ ಫಾಶರ್ ಊರಿನಲ್ಲಿ, ರಾಜಧಾನಿ ಖಾರ್ಟೂಮ್‌ನಿಂದ ಬಹಳ ದೂರ. ನೀರಿಲ್ಲ, ಕರೆಂಟಿಲ್ಲ, ಫೋನ್ ಯಾವಾಗ ಸಿಗುತ್ತದೋ ಗೊತ್ತಿಲ್ಲ. ಇವನು ಆಗ ಮೊದಲ ಪಿಯು ಮುಗಿಸಿ ರಜೆಗೆ ಮನೆಯಲ್ಲಿದ್ದ. ಇಂಗ್ಲಿಷ್ ಓದಲು ಬರುವವನು ಇವನೊಬ್ಬನೇ ಆದ್ದರಿಂದ ಇಡೀ ಮನೆಗೆ ಸುದ್ದಿ ಓದಿ ಹೇಳುವ ಕೆಲಸ ಇವನದು. ಭಾರತೀಯರನ್ನು ವಾಪಸ್ ಕರೆತರುವ ಸರ್ಕಾರದ ಆಪರೇಷನ್ ಕಾವೇರಿ ಶುರುವಾಗಿ, ಜನ ಬಸ್ಸಿನಲ್ಲಿ ಪೋರ್ಟ್ ಸುಡಾನ್ ತಲುಪಿ, ಅಲ್ಲಿಂದ ಜೆಡ್ಡಾಕ್ಕೆ, ಜೆಡ್ಡಾದಿಂದ ಊರಿಗೆ ಬರುವ ತನಕ ಅವನು ಸರಿಯಾಗಿ ಮಲಗಿಲ್ಲ. ಚಿಕ್ಕಪ್ಪ ಜೀವಂತ ಬಂದರು.

ಆದರೆ ಆ ದಿನಗಳಲ್ಲಿ ಸುತ್ತಮುತ್ತಲಿನವರು ಆಡಿದ ಮಾತು ಹೋಗಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ, ಹೋಟೆಲಿನಲ್ಲಿ ಅದೇ ಮಾತು. ಇವರಿಗೆ ಪಾಸ್‌ಪೋರ್ಟ್ ಯಾರು ಕೊಟ್ರು? ಅಲ್ಲಿ ಇವರು ಏನು ಮಾಡ್ತಾರೆ? ಸುಡಾನ್ ಎಲ್ಲಿದೆ ಅಂತ ಇವರಿಗೆ ಗೊತ್ತಾ? ಚಿಕ್ಕಪ್ಪ ಗುಂಡಿನ ಸದ್ದಿನ ನಡುವೆ ಇರುವಾಗ ಹುಡುಗ ಇದನ್ನೆಲ್ಲ ಕೇಳಿಸಿಕೊಂಡಿದ್ದಾನೆ. ಅವನ ಮೌನ ದಡ್ಡತನವಲ್ಲ, ಹಿಂಜರಿಕೆಯೂ ಅಲ್ಲ. ಪೆಟ್ಟು ತಿಂದು ಕಲಿತ ಎಚ್ಚರಿಕೆ.

ಹಾಗಾಗಿ ನಾನು ಅವನಿಗೆ ಮೊದಲು ಹೇಳಿದ್ದು: ಟ್ರಂಕನ್ನು ಕ್ಲಾಸಿಗೆ ಹೊತ್ತುಕೊಂಡು ಹೋಗಬೇಡ. ಅವನ ಗೆಳೆಯನೊಬ್ಬ ಅಪ್ಪನ ಪಾಸ್‌ಪೋರ್ಟ್ ಫೋಟೋ ಎಲ್ಲರಿಗೂ ಕಳಿಸು, ಬಾಯಿ ಮುಚ್ಚಿಸು ಎಂದಿದ್ದನಂತೆ. ಒಳ್ಳೆ ಮನಸ್ಸಿನಿಂದಲೇ ಹೇಳಿದ್ದಾನೆ. ನಾನು ಬೇಡವೆಂದೆ. ನಿನಗೇನು ಗೊತ್ತಿದೆ ತೋರಿಸು ಎಂದು ಅವರು ಕೇಳುತ್ತಾರೆ, ನೀನು ತೋರಿಸುತ್ತೀಯ, ಆಗ ಅವರು ಪರೀಕ್ಷಕರಾಗುತ್ತಾರೆ. ನಾಳೆ ಇನ್ನೊಂದು ಪ್ರಶ್ನೆಪತ್ರಿಕೆ ತರುತ್ತಾರೆ.

ಇನ್ನೊಂದು ಕಾರಣವೂ ಇತ್ತು. 'ಅಪ್ಪ ಆಫ್ರಿಕಾ ನೋಡಿದ್ದಾರೆ, ಅದಕ್ಕೆ ಮರ್ಯಾದೆ ಕೊಡಿ ಅಂದರೆ, ಅಮ್ಮನ ಮರ್ಯಾದೆ?' ಎಂದು ಕೇಳಿದೆ. ಅಮ್ಮ ದಾವಣಗೆರೆ ದಾಟಿಲ್ಲ. ಅವನು ಸುಮ್ಮನಾದ. ಆಮೇಲೆ ನಿಧಾನವಾಗಿ ಹೇಳಿದ: ಕಾಲೇಜಿಗೆ ಸೇರಿಸುವಾಗ ಅಮ್ಮ ಬರುವುದು ಬೇಡ ಅಂದಿದ್ದೆ, ಚಿಕ್ಕಪ್ಪ ಬಂದರು. ಅಮ್ಮ ಏನಾದರೂ ಕೇಳಿ ನಗೆಪಾಟಲಾಗಬಹುದು ಅಂತ. ಅಪ್ಪ ಇಲ್ಲದ ಆರಾರು ತಿಂಗಳು ಮನೆ, ಸಾಲದ ಕಂತು, ಸಂಘದ ಲೆಕ್ಕ ನೋಡುವುದು ಅಮ್ಮ. ಎಣ್ಣೆಗೆ ಯಾವ ಬೇರು, ಎಷ್ಟು ಹೊತ್ತು ಕುದಿ ಎಂದು ನಿರ್ಧರಿಸುವುದೂ ಅಮ್ಮ. ಮೇಷ್ಟ್ರು ತನ್ನ ಮೇಲೆ ಹಾಕಿದ ಹಣೆಪಟ್ಟಿಯನ್ನೇ ತಾನು ಅಮ್ಮನ ಹಣೆಗೆ ಅಂಟಿಸಿದ್ದೆ ಎಂದು ಅವನಿಗೆ ತಾನಾಗಿಯೇ ಹೊಳೆಯಿತು. ಅವತ್ತು ಅವನು ತುಂಬ ಅತ್ತ. ಅಳಲು ಬಿಟ್ಟೆ.

ಆಫ್ರಿಕಾದ ಬಗ್ಗೆಯೂ ಒಂದು ಮಾತು ಬಂತು. ವ್ಯಾಪಾರ ಹೇಗೆ ಆಗುತ್ತದೆ ಎಂದು ಕೇಳಿದಾಗ ಅವನು ಸಲೀಸಾಗಿ, 'ಅಲ್ಲಿನ ಹಳ್ಳಿ ಜನಕ್ಕೆ ಏನೂ ಗೊತ್ತಾಗಲ್ಲ ಮೇಡಂ' ಎಂದುಬಿಟ್ಟ. ನಾನು ವಾದ ಮಾಡಲಿಲ್ಲ. ಈ ಮಾತನ್ನು ಅಪ್ಪನ ಹತ್ತಿರ ಕೇಳಿಕೊಂಡು ಬಾ ಎಂದೆ. ಅಪ್ಪ ಬೈದರಂತೆ. 'ಗೊತ್ತಾಗದೋರು ಅಷ್ಟು ಚೌಕಾಸಿ ಮಾಡ್ತಾರೇನೋ? ಸೆನೆಗಲ್‌ನಲ್ಲಿ ಒಬ್ಬ ಹೆಂಗಸು ನನಗೆ ಹಿಂದಿ ಹಾಡು ಹೇಳಿಕೊಟ್ಲು, ನನಗೇ ಬರ್ತಿರಲಿಲ್ಲ!' ಸೆನೆಗಲ್‌ನಲ್ಲೂ ನೈಜೀರಿಯಾದ ಉತ್ತರ ಭಾಗದಲ್ಲೂ ಹಿಂದಿ ಸಿನಿಮಾ ನೋಡುವವರು ಬಹಳ ಜನ, ದಶಕಗಳಿಂದ. ನಮ್ಮಲ್ಲಿ ಎಷ್ಟು ಜನ ಸೆನೆಗಲ್‌ನ ಒಂದು ಹಾಡು ಕೇಳಿದ್ದೇವೆ?

ಅಲ್ಲಿನ ಜನಕ್ಕೆ ಏನೂ ಗೊತ್ತಾಗಲ್ಲ ಎಂಬ ಅವನ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೆಸರಘಟ್ಟ ರಸ್ತೆಯಲ್ಲಿ ಸುಡಾನ್‌ನ ಒಬ್ಬನ ಕಾರು ಡಿಕ್ಕಿ ಹೊಡೆದು ಮಹಿಳೆಯೊಬ್ಬರು ಸತ್ತರು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಬಿತ್ತು. ಅವಳಿಗೂ ಅಪಘಾತಕ್ಕೂ ಏನೂ ಸಂಬಂಧ ಇರಲಿಲ್ಲ. ಆಫ್ರಿಕಾ ಎಂದರೆ 54 ದೇಶ. ಗುಂಪಿಗೆ ಅದು ಒಂದೇ ಮುಖವಾಗಿತ್ತು. ರವಿಗೆ ಇದನ್ನು ಹೇಳಿದಾಗ ಅವನು, 'ಅಲ್ಲಿ ಅಪ್ಪನಿಗೆ ಹಂಗಾದ್ರೆ?' ಎಂದ. ನಾನು ಹೇಳಬೇಕೆಂದಿದ್ದ ಮಾತೂ ಅದೇ.

ಕ್ಲಾಸಿಗೆ ಮರಳುವುದಕ್ಕೆ ನಾವು ಮಾಡಿಕೊಂಡ ತಯಾರಿ ತೀರಾ ಸರಳ. ಬರುವ ಪ್ರಶ್ನೆಗಳಲ್ಲಿ ಎರಡು ಥರ ಇರುತ್ತವೆ. ನಿಜವಾಗಿ ತಿಳಿಯದೆ ಕೇಳುವವರು ಕೇಳಿದ ಮೇಲೆ ಉತ್ತರಕ್ಕೆ ಕಾಯುತ್ತಾರೆ, ನಿನ್ನ ಮುಖ ನೋಡುತ್ತಾರೆ. ಅವರಿಗೆ ಒಂದೆರಡು ಮಾತಿನಲ್ಲಿ ಹೇಳು, ಇಷ್ಟವಿದ್ದರೆ ಇನ್ನೂ ಹೇಳು. ನಗಿಸಲು ಕೇಳುವವರು ಪಕ್ಕದವರ ಮುಖ ನೋಡುತ್ತಾರೆ. ಅವರಿಗೆ ಉತ್ತರ ಬೇಡ. 'ಯಾಕೆ ಹಂಗೆ ಅನ್ನಿಸ್ತು ನಿಂಗೆ?' ಎಂದು ಶಾಂತವಾಗಿ ಕೇಳಿ ನಿಲ್ಲಿಸು. ಆಮೇಲೆ ಬರುವ ಮೌನವನ್ನು ನೀನು ತುಂಬಬೇಡ, ಕೇಳಿದವನೇ ತುಂಬಲಿ. ಇದನ್ನು ಕೋಣೆಯಲ್ಲಿ ನಾನು ಹಾಸ್ಟೆಲ್ ಹುಡುಗನಾಗಿ, ಅವನು ಅವನಾಗಿ ಬಹಳ ಸಲ ಆಡಿ ನೋಡಿದೆವು. ಮೊದಮೊದಲು ಅವನ ದನಿ ನಡುಗುತ್ತಿತ್ತು. ಆ ಪ್ರಶ್ನೆ ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕೂರುವುದೇ ಅವನಿಗೆ ಎಲ್ಲಕ್ಕಿಂತ ಕಷ್ಟ ಆಯಿತು, ಏನಾದರೂ ಸಮಜಾಯಿಷಿ ಕೊಡಲು ಹೋಗುತ್ತಿದ್ದ.

ಮೇಷ್ಟ್ರ ವಿಷಯ ಬೇರೆ. ಅವರ ಕೈಯಲ್ಲಿ ಅಧಿಕಾರ ಇದೆ. ಒಬ್ಬ ಗೆಳೆಯನನ್ನು ಕರೆದುಕೊಂಡು ಸ್ಟಾಫ್ ರೂಮಿಗೆ ಹೋಗಿ ನೇರವಾಗಿ ಹೇಳು ಎಂದೆ. ಏನು ಹೇಳಬೇಕೆಂದು ಬರೆದುಕೊಂಡೆವು: 'ಸರ್, ಅವತ್ತು ನೀವು ಕ್ಯಾಂಪ್ ಹೆಸರು ಹೇಳಿ ಕೇಳಿದ ಪ್ರಶ್ನೆಯಿಂದ ನನಗೆ ಅವಮಾನ ಆಯ್ತು. ಹಾಸ್ಟೆಲ್‌ನಲ್ಲಿ ಅದರಿಂದ ಅಡ್ಡಹೆಸರು ಇಟ್ಟಿದ್ದಾರೆ. ಇನ್ನು ಮುಂದೆ ಹಾಗೆ ಕೇಳಬೇಡಿ.' ಅಷ್ಟೇ. ಜೊತೆಗೆ ಅವನಿಗಿರುವ ಹಕ್ಕನ್ನೂ ತಿಳಿಸಿದೆ. ಯುಜಿಸಿಯ 2012ರ ನಿಯಮದ ಪ್ರಕಾರ ಕಾಲೇಜಿನಲ್ಲಿ ಸಮಾನ ಅವಕಾಶ ಕೋಶ ಇರಬೇಕು, ತಾರತಮ್ಯದ ದೂರು ಅಲ್ಲಿ ಕೊಡಬಹುದು. ಹಾಸ್ಟೆಲ್ ಕಾಟ ರ‍್ಯಾಗಿಂಗ್ ಆಗುತ್ತದೆ, ಸಹಾಯವಾಣಿ 1800-180-5522. ಹಕ್ಕಿಪಿಕ್ಕಿ ಪರಿಶಿಷ್ಟ ಪಂಗಡ. ಬೇಕೆಂತಲೇ ನಾಲ್ಕು ಜನರ ಎದುರು ಅವಮಾನಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆಯೂ ಇದೆ. ದೂರು ಕೊಡುವುದು ಬಿಡುವುದು ಅವನಿಗೇ ಬಿಟ್ಟದ್ದು. ಎಷ್ಟೋ ಮಕ್ಕಳಿಗೆ ಇಂಥ ದಾರಿ ಇದೆ ಎಂಬುದೇ ಗೊತ್ತಿರುವುದಿಲ್ಲ, ಗೊತ್ತಿದ್ದವರೂ ಹೇಳುವುದಿಲ್ಲ. ಅದು ನನಗೆ ಬಹಳ ಬೇಸರದ ಸಂಗತಿ.

ಅವನು ಹೋಗಿ ಹೇಳಿದ. ಮೇಷ್ಟ್ರು 'ತಮಾಷೆಗೆ ಅಂದಿದ್ದು, ಮನಸ್ಸಿಗೆ ಹಚ್ಕೋಬೇಡ' ಎಂದರು. ಕ್ಷಮೆ ಕೇಳಲಿಲ್ಲ. ಆದರೆ ಆಮೇಲೆ ಅಂಥ ಪ್ರಶ್ನೆ ಬಂದಿಲ್ಲ. ಹಾಸ್ಟೆಲ್‌ನಲ್ಲಿ ಅಡ್ಡಹೆಸರು ಪೂರ್ತಿ ಹೋಗಿಲ್ಲ, ಇಬ್ಬರು ಹುಡುಗರು ಮಾತ್ರ ಬಿಟ್ಟಿದ್ದಾರೆ. ಅವರಲ್ಲೊಬ್ಬ ಸಿಎಫ್ಎ ಫ್ರಾಂಕ್ ಬಗ್ಗೆ ನಿಜವಾಗಿ ತಿಳಿಯಲೆಂದು ಕೇಳಿದನಂತೆ. ಇವನು ಹೇಳಿದ್ದಾನೆ. ಸೆಮಿನಾರಿಗೆ ಅದನ್ನೇ ತಗೋ ಎಂದು ನಾನು ಹೇಳಲಿಲ್ಲ. ಅವನು ಜಿಎಸ್‌ಟಿ ಆರಿಸಿಕೊಂಡ, ಅದು ಅವನ ಇಷ್ಟ. ಮುಂದಿನ ಪೋಷಕರ ಸಭೆಗೆ ಅಮ್ಮನನ್ನು ಕರೆಯುತ್ತೇನೆ ಎಂದಿದ್ದಾನೆ.

ನಿದ್ದೆಯ ತೊಂದರೆ ಇನ್ನೂ ಇದೆ. ಅಪ್ಪ ಮತ್ತೆ ಹೊರಡುವ ಯೋಚನೆಯಲ್ಲಿದ್ದಾರೆ, ಅದೂ ಒಂದು ಕಾರಣ. ಹೋಗಬೇಡಿ ಎನ್ನಲು ಆಗುವುದಿಲ್ಲ, ಸಾಲ ಇದೆ. ಹಾಗಾಗಿ ಮಾಡಬಹುದಾದ್ದನ್ನು ಮಾಡು ಎಂದೆ. ಪಾಸ್‌ಪೋರ್ಟ್, ವೀಸಾ, ಹಳದಿ ಪುಸ್ತಕದ ನಕಲು ಮನೆಯಲ್ಲೊಂದು, ಅವನ ಫೋನಿನಲ್ಲೊಂದು. ಹೋಗುವ ದೇಶದ ಭಾರತೀಯ ರಾಯಭಾರ ಕಚೇರಿಯ ನಂಬರು ಅಪ್ಪನ ಜೇಬಿನಲ್ಲೂ ಇರಬೇಕು, ತಲುಪಿದ ಕೂಡಲೇ ಅಲ್ಲಿ ಹೆಸರು ನೋಂದಾಯಿಸಬೇಕು. ವಾರದಲ್ಲಿ ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಫೋನ್. ಉಳಿದ ರಾತ್ರಿಗಳಲ್ಲಿ ಫೋನ್ ದಿಂಬಿನ ಕೆಳಗೆ ಬೇಡ, ರೂಂಮೇಟ್ ಮೇಜಿನ ಮೇಲಿರಲಿ, ಮನೆಯ ಕರೆ ಬಂದರೆ ಅವನು ಎಬ್ಬಿಸುತ್ತಾನೆ. ನಾನು ಸಿಗದ ಹೊತ್ತಿನಲ್ಲಿ ತೀರಾ ಕಷ್ಟ ಎನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಲು ಹೇಳಿದ್ದೇನೆ, ಕನ್ನಡದಲ್ಲೇ ಮಾತಾಡುತ್ತಾರೆ. ಅಪ್ಪ ಹೊರಟು ಒಂದೆರಡು ತಿಂಗಳು ಕಳೆಯುವ ತನಕ ನನ್ನ ಹತ್ತಿರ ಬರುತ್ತಿರಲು ಒಪ್ಪಿದ್ದಾನೆ.