ಎದ್ದು ಹೋದವರೂ ಪ್ರೇಕ್ಷಕರೇ

ಕೊಡಗಿನ ನಾಪೋಕ್ಲು ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಹೋದ ಸಂಚಿಕೆಯಲ್ಲಿ ನಾವು ಮೆಚ್ಚಿ ಬರೆದ ಒಂದು ಸಣ್ಣ ಬಜೆಟ್ಟಿನ ಕ್ರೈಮ್ ಥ್ರಿಲ್ಲರ್ ಬಗ್ಗೆ ಅವರಿಗೆ ತುಂಬಾ ಬೇಸರ. ಪತ್ರದ ಮುಖ್ಯ ಮಾತು ಇಷ್ಟು:

“ನಿಮ್ಮ ವಿಮರ್ಶೆ ನಂಬಿ ಮನೆಯವರನ್ನೂ ಮೊಮ್ಮಗಳನ್ನೂ ಕರೆದುಕೊಂಡು ಮಡಿಕೇರಿಗೆ ಸಂಜೆ ಆಟಕ್ಕೆ ಹೋದೆ. ಮಳೆಯಲ್ಲಿ ಒಂದು ಎಸ್ಟೇಟ್ ಬಂಗಲೆ, ಒಂದು ಹೆಣ, ಕಾಣೆಯಾದ ದುಡ್ಡು, ಏಳು ಜನ. ಏಳೂ ಜನಕ್ಕೆ ಗಡ್ಡ, ಏಳೂ ಜನಕ್ಕೆ ಜಾಕೆಟ್. ಯಾರು ಹೀರೋ ಅಂತ ಕೊನೆವರೆಗೂ ಗೊತ್ತಾಗಲಿಲ್ಲ. ಕೋವಿ ಸದ್ದು ಬಂದಾಗ ಜನ ಗೊಳ್ಳೆಂದು ನಕ್ಕರು. ಗುಡ್ಡ ಕುಸಿಯುವಾಗ ಮಾತ್ರ ಎಲ್ಲರೂ ತೆಪ್ಪಗಾದರು. ಮುಗಿಯುವ ಮೊದಲೇ ಅರ್ಧಕ್ಕರ್ಧ ಜನ ಎದ್ದು ಹೋದರು. ಮೊಮ್ಮಗಳು ‘ಸೂಪರ್ ಅಜ್ಜ’ ಅಂತಾಳೆ. ನಮ್ಮ ಊರಿನವರಿಗೆ ಸಿನಿಮಾ ನೋಡಲು ಬರುವುದಿಲ್ಲ ಅಂತ ನಿಮ್ಮ ಅಭಿಪ್ರಾಯವೇ? ಕೊಡಗು ಅಂದರೆ ಮಂಜು, ಕೋವಿ, ಕೊಲೆ ಇಷ್ಟೇನಾ?”

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಊರಿನವರಿಗೆ ಸಿನಿಮಾ ನೋಡಲು ಚೆನ್ನಾಗಿ ಬರುತ್ತದೆ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ. ಆ ಸಂಜೆ ಥಿಯೇಟರಿನಲ್ಲಿ ಏನೇನಾಯಿತು ಅಂತ ನೀವು ಬರೆದಿದ್ದೀರಲ್ಲ, ಅದರಲ್ಲೇ ಸಾಕ್ಷಿ ಇದೆ. ಸಿನಿಮಾದ ಹೆಸರನ್ನು ಇಲ್ಲಿ ಬೇಕೆಂದೇ ಬಿಟ್ಟಿದ್ದೇನೆ. ಕಥೆಯ ಒಳಗಿನ ಕೆಲವು ವಿಷಯ ಮುಟ್ಟಬೇಕು, ಇನ್ನೂ ನೋಡದವರಿಗೆ ರುಚಿ ಕೆಡಬಾರದು.

ಮೊದಲು ಎದ್ದು ಹೋದವರ ವಿಷಯ. ನಗರದಲ್ಲಿ ಜನ ಎದ್ದು ಹೋದರೆ ಸಿನಿಮಾ ಹಿಡಿಸಲಿಲ್ಲ ಅಂತ ಅರ್ಥ. ನಮ್ಮಲ್ಲಿ ಅದಕ್ಕೆ ಇನ್ನೊಂದು ಕಾರಣ ಇದೆ, ಅದು ಕಡೇ ಬಸ್ಸು. ನಾಪೋಕ್ಲು, ಭಾಗಮಂಡಲ, ಮಾದಾಪುರದ ಕಡೆ ಹೋಗಬೇಕಾದವರು ಸಂಜೆ ಆಟಕ್ಕೆ ಕೂತರೆ ಒಂದು ಕಣ್ಣು ಗಡಿಯಾರದ ಮೇಲೇ ಇರುತ್ತದೆ. ಮಳೆಗಾಲದಲ್ಲಂತೂ ಯಾವ ತಿರುವಿನಲ್ಲಿ ಮರ ಬಿದ್ದಿದೆಯೋ ಯಾರಿಗೆ ಗೊತ್ತು. ಪ್ರೇಮಕಥೆಯಾದರೆ ಕೊನೆಯ ಹತ್ತು ನಿಮಿಷ ಬಿಟ್ಟರೂ ಏನಾಗುತ್ತದೆ ಅಂತ ಊಹಿಸಿಕೊಳ್ಳಬಹುದು. ಕೊಲೆಯ ಕಥೆಯಲ್ಲಿ ಅದು ಆಗುವುದಿಲ್ಲ. ಅದರ ಭಾರವೆಲ್ಲ ಕೊನೆಯ ಹತ್ತು ನಿಮಿಷದ ಮೇಲೇ ಇರುತ್ತದೆ. ಆ ಹತ್ತು ನಿಮಿಷ ಸಿಗದೆ ಹೋದವರು ಮಾರನೆಯ ದಿನ ಅಂಗಡಿ ಮುಂದೆ ನಿಂತು “ತಲೆಬುಡ ಇಲ್ಲ” ಅಂದರೆ, ಅವರು ನೋಡಿದಷ್ಟರ ಮಟ್ಟಿಗೆ ಅದು ಸರಿಯೇ. ಜಿಲ್ಲೆಯಲ್ಲಿ ಥಿಯೇಟರುಗಳೇ ಕಮ್ಮಿ. ಇಂಥ ಸಿನಿಮಾವನ್ನು ಇಲ್ಲಿಗೆ ತರುವವರು ಮಧ್ಯಾಹ್ನದ ಆಟವೊಂದನ್ನು ಇಟ್ಟರೆ ಎಷ್ಟೋ ಜನ ಕೂತು ಪೂರ್ತಿ ನೋಡುತ್ತಾರೆ. ಇದನ್ನು ಅವರಿಗೂ ಹೇಳಬೇಕು.

ಇನ್ನು ಆ ನಗು. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಇದೇ. ಕತ್ತಲಾಗುವ ಹೊತ್ತು, ದೂರದಲ್ಲಿ ಒಂದು ಗುಂಡಿನ ಸದ್ದು, ಬಂಗಲೆಯಲ್ಲಿದ್ದ ಎಲ್ಲರೂ ಮೇಜಿನ ಕೆಳಗೆ. ಜನ ನಕ್ಕರು. ಯಾಕೆ ನಗಬಾರದು? ಇಲ್ಲಿ ತೋಟಕ್ಕೆ ಆನೆ ಬಂದರೆ ಪಟಾಕಿ ಸಿಡಿಸುತ್ತಾರೆ. ಸುಗ್ಗಿಯ ಹಬ್ಬ ಪುತ್ತರಿಯಲ್ಲಿ ಕದಿರು ತೆಗೆಯುವ ಮೊದಲು ಗುಂಡು ಹಾರುತ್ತದೆ. ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಕೋವಿಗೆ ತೋಕ್ ಪೂ ಅನ್ನುವ ಹೂವಿಟ್ಟು ಪೂಜೆ ಮಾಡುತ್ತಾರೆ. ಗಂಡು ಮಗು ಹುಟ್ಟಿದಾಗ ಒಂದು ಗುಂಡು, ಮನೆಯಲ್ಲಿ ಸಾವಾದರೆ ಒಂದರ ಹಿಂದೆ ಒಂದು ಎರಡು ಗುಂಡು ಅನ್ನುವ ಹಳೆಯ ಕ್ರಮ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹೀಗೆ ಬೆಳೆದವರಿಗೆ ದೂರದ ಒಂದು ಗುಂಡಿನ ಸದ್ದು ಕೇಳಿಸಿದರೆ “ಎಲ್ಲಿ, ಯಾರ ಮನೆ ಕಡೆ?” ಅನ್ನುವ ಪ್ರಶ್ನೆ ಬರುತ್ತದೆ. ಹೆದರಿಕೆ ಆಮೇಲೆ. ಬೆಂಗಳೂರಿನ ಪ್ರೇಕ್ಷಕರು ಅದೇ ಜಾಗದಲ್ಲಿ ಬೆಚ್ಚಿಬಿದ್ದಿರಬಹುದು. ಅವರದ್ದೂ ತಪ್ಪಲ್ಲ.

ನಿರ್ದೇಶಕರು ಆ ಸಂಜೆ ನಿಮ್ಮ ಹಿಂದಿನ ಸಾಲಿನಲ್ಲಿ ಕೂತಿರಬೇಕಿತ್ತು. ಆ ನಗುವಿನಿಂದ ಒಂದು ಒಳ್ಳೆಯ ದೃಶ್ಯ ಹುಟ್ಟುತ್ತಿತ್ತು. ಒಂದು ಗುಂಡು ಹಾರಿದಾಗ ಬಂಗಲೆಯ ಅಡುಗೆಯವನು ತಲೆಯೂ ಎತ್ತಬಾರದು, ಬೆಂಗಳೂರಿನಿಂದ ಬಂದವರು ನಡುಗಬೇಕು. ಎರಡನೆಯ ಗುಂಡು ಹಾರಿದ ತಕ್ಷಣ ಅಡುಗೆಯವನ ಕೈ ನಿಲ್ಲಬೇಕು. ಒಂದು ಪೈಸೆ ಹೆಚ್ಚು ಖರ್ಚಿಲ್ಲ. ಊರಿನವರಿಗೆ ಗೊತ್ತಿರುವುದನ್ನು ಕೇಳಿ ತಿಳಿದುಕೊಂಡಿದ್ದರೆ ಸಾಕಿತ್ತು.

ಗುಡ್ಡ ಕುಸಿಯುವಾಗ ಎಲ್ಲರೂ ತೆಪ್ಪಗಾದದ್ದೂ ಇಂಥದ್ದೇ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಏನಾಯಿತು ಅಂತ ನೋಡಿದವರು, ಮನೆ ಕಳೆದುಕೊಂಡವರು, ಅವರ ನೆಂಟರು ಆ ಕುರ್ಚಿಗಳಲ್ಲಿ ಕೂತಿರುತ್ತಾರೆ. ಬೇರೆ ಊರಲ್ಲಿ ಅದು ಕಥೆಗೆ ಬಂದ ಒಂದು ತಿರುವು. ಇಲ್ಲಿ ಹಾಗಲ್ಲ. ಒಂದೇ ಸಿನಿಮಾ, ಒಂದೇ ಸದ್ದು, ಊರು ಬದಲಾದ ಹಾಗೆ ಬೇರೆ ಬೇರೆಯಾಗಿ ತಟ್ಟುತ್ತದೆ. ಅದಕ್ಕೇ ನಿಮ್ಮ ಪತ್ರ ನಮ್ಮ ವಿಮರ್ಶೆಯ ಪಕ್ಕದಲ್ಲೇ ಇರಬೇಕಾದದ್ದು.

ಹೀರೋ ಇಲ್ಲ ಅನ್ನುವ ದೂರಿಗೆ ಬರೋಣ. ದುಡ್ಡು ಕಮ್ಮಿ ಇದ್ದಾಗ ದೊಡ್ಡ ನಟರ ಕಾಲ್‌ಶೀಟ್ ಸಿಗುವುದಿಲ್ಲ. ಆಗ ನಾಟಕದಲ್ಲಿ ಪಳಗಿದ ಏಳೆಂಟು ಜನರನ್ನು ಸೇರಿಸಿ, ಕಥೆಯನ್ನು ಅವರ ನಡುವೆ ಹಂಚುತ್ತಾರೆ. ಊರೂರು ಸುತ್ತುವ ಖರ್ಚು ಉಳಿಯಲಿ ಅಂತ ಒಂದೇ ಮನೆ, ಒಂದೇ ರಾತ್ರಿ. ಕೊಲೆಯ ಕಥೆಗೆ ಇದು ಹೊಂದುತ್ತದೆ, ಯಾಕೆಂದರೆ ಹೀರೋ ಯಾರು ಅಂತ ಗೊತ್ತಾದ ತಕ್ಷಣ ಅವನು ಕೊಲೆಗಾರ ಅಲ್ಲ ಅಂತಲೂ ಗೊತ್ತಾಗಿಬಿಡುತ್ತದೆ. ಎಲ್ಲರೂ ಸಮ ಅಂದಾಗ ಎಲ್ಲರ ಮೇಲೂ ಅನುಮಾನ. ಈ ದಾರಿ ಕನ್ನಡಕ್ಕೂ ಹೊಸದಲ್ಲ. ಕಾಶೀನಾಥ್ 1978ರಲ್ಲೇ ‘ಅಪರಿಚಿತ’ ಮಾಡಿದ್ದರು.

ಆದರೆ ಹೀರೋ ಇಲ್ಲ ಅಂದ ಮಾತ್ರಕ್ಕೆ ಜನರನ್ನು ಗುರುತು ಹಿಡಿಯಲಾಗದ ಹಾಗೆ ಮಾಡಬೇಕಿಲ್ಲ. ಇಲ್ಲಿ ನಾನು ಪೂರ್ತಿ ನಿಮ್ಮ ಕಡೆ. ಸಿಡ್ನಿ ಲ್ಯೂಮೆಟ್ 1957ರಲ್ಲಿ ಮಾಡಿದ ‘12 ಆಂಗ್ರಿ ಮೆನ್’ ನೋಡಿ. ಹೆಚ್ಚುಕಮ್ಮಿ ಇಡೀ ಸಿನಿಮಾ ಒಂದೇ ಕೋಣೆ. ಹನ್ನೆರಡು ಜನ ಜೂರಿಗಳು, ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವುದೂ ಇಲ್ಲ. ಆದರೂ ಅರ್ಧ ಗಂಟೆಯೊಳಗೆ ನಮಗೆ ಹನ್ನೆರಡೂ ಜನರ ಪರಿಚಯ. ಒಬ್ಬನಿಗೆ ಬೇಸ್‌ಬಾಲ್ ಆಟದ ಟಿಕೆಟ್ಟಿನದೇ ಚಿಂತೆ. ಒಬ್ಬನಿಗೆ ನೆಗಡಿ. ಎಲ್ಲರೂ ಬೆವರಿನಲ್ಲಿ ತೊಯ್ದಿರುವಾಗ ಒಬ್ಬ ಕೋಟು ಬಿಚ್ಚದೆ ಕೂತಿರುತ್ತಾನೆ. 1992ರ ‘ರಿಸರ್ವಾಯರ್ ಡಾಗ್ಸ್’ನಲ್ಲಿ ದರೋಡೆಕೋರರಿಗೆಲ್ಲ ಒಂದೇ ಥರ ಕರಿ ಸೂಟು. ನಿಮ್ಮ ಏಳು ಜಾಕೆಟ್ಟಿನ ಹಾಗೆಯೇ. ಆದರೆ ಕ್ವೆಂಟಿನ್ ಟ್ಯಾರಂಟಿನೊ ಶುರುವಿನಲ್ಲೇ ಅವರನ್ನು ಹೋಟೆಲಿನಲ್ಲಿ ಕೂರಿಸಿ ಟಿಪ್ಸ್ ಕೊಡಬೇಕೋ ಬೇಡವೋ ಅಂತ ಜಗಳಕ್ಕೆ ಬಿಡುತ್ತಾರೆ. ಯಾರು ಜಿಪುಣ, ಯಾರು ಮೆತ್ತಗಿನವನು, ಯಾರು ಯಜಮಾನ ಅಂತ ಅಲ್ಲೇ ತಿಳಿದುಬಿಡುತ್ತದೆ. ಆ ಸಿನಿಮಾದ ಬಜೆಟ್ ಸುಮಾರು 12 ಲಕ್ಷ ಡಾಲರ್, ಹಾಲಿವುಡ್ ಲೆಕ್ಕದಲ್ಲಿ ಚಿಲ್ಲರೆ. ದರೋಡೆಯನ್ನು ತೋರಿಸುವುದೇ ಇಲ್ಲ, ಅದರ ಮುಂಚೆ ಮತ್ತು ಆಮೇಲೆ ಏನಾಯಿತು ಅನ್ನುವುದಷ್ಟೇ ಕಥೆ. ನಾವು ಹೊಗಳಿದ ಸಿನಿಮಾದಲ್ಲಿ ಇಂಥ ಒಂದು ದೃಶ್ಯವೂ ಇಲ್ಲ. ಗಡ್ಡವನ್ನಾದರೂ ಇಬ್ಬರಿಗೆ ಬೋಳಿಸಬಹುದಿತ್ತು.

ಆ ‘ರಿಸರ್ವಾಯರ್ ಡಾಗ್ಸ್’ ನೋಡುವಾಗಲೂ ಜನ ಎದ್ದು ಹೋಗಿದ್ದರು. ಒಬ್ಬ ಪೊಲೀಸನ ಕಿವಿ ಕೊಯ್ಯುವ ದೃಶ್ಯ ಬರುತ್ತದೆ. ಕೊಯ್ಯುವಾಗ ಕ್ಯಾಮೆರಾ ಪಕ್ಕಕ್ಕೆ ತಿರುಗುತ್ತದೆ, ಕಾಣಿಸುವುದು ಗೋಡೆ ಮಾತ್ರ. ಅದೂ ಎಷ್ಟೋ ಜನಕ್ಕೆ ತಡೆಯಲಾಗಲಿಲ್ಲ. ಅಮೆರಿಕದ ಥಿಯೇಟರುಗಳಲ್ಲಿ ಅದು ದೊಡ್ಡ ದುಡ್ಡು ಮಾಡಲಿಲ್ಲ, ಬ್ರಿಟನ್ನಿನವರು ಹೆಚ್ಚು ಪ್ರೀತಿಯಿಂದ ನೋಡಿದರು.

ನಿಮಗೆ ಅರ್ಥವಾಗದ್ದಕ್ಕೆ ನಾಚಿಕೆ ಪಡಬೇಕಾದದ್ದೂ ಏನಿಲ್ಲ. 1995ರ ‘ದಿ ಯೂಷುಯಲ್ ಸಸ್ಪೆಕ್ಟ್ಸ್’ ಐವರು ಕಳ್ಳರ ಕಥೆ. ಸುಮಾರು 60 ಲಕ್ಷ ಡಾಲರಿನಲ್ಲಿ ಮಾಡಿದ್ದು. ಕಥೆಗೂ ಪೋಷಕ ನಟನೆಗೂ ಆಸ್ಕರ್ ಬಂತು. ಕೊನೆಯ ತಿರುವನ್ನು ಜನ ಇವತ್ತಿಗೂ ಮಾತಾಡುತ್ತಾರೆ. ಆದರೆ ಅಮೆರಿಕದ ಅತಿ ಹೆಸರಾಂತ ವಿಮರ್ಶಕ ರೋಜರ್ ಈಬರ್ಟ್ ಅದಕ್ಕೆ ನಾಲ್ಕರಲ್ಲಿ ಕೊಟ್ಟದ್ದು ಒಂದೂವರೆ ನಕ್ಷತ್ರ. ಕಥೆ ಸರಿಯಾಗಿ ತಲೆಗೆ ಹೋಗಲಿಲ್ಲ, ಹೋದಷ್ಟರ ಬಗ್ಗೆಯೂ ಆಸಕ್ತಿ ಹುಟ್ಟಲಿಲ್ಲ ಅನ್ನುವ ಅರ್ಥದಲ್ಲಿ ನೇರವಾಗಿ ಬರೆದರು. ಜಪಾನಿನ ನಿರ್ದೇಶಕ ಕುರೊಸಾವಾ ‘ರಾಶೊಮೊನ್’ ಶುರು ಮಾಡುವ ಮುಂಚೆ ಅವರ ಸಹಾಯಕ ನಿರ್ದೇಶಕರೇ ಬಂದು ಚಿತ್ರಕಥೆ ಅರ್ಥವಾಗುತ್ತಿಲ್ಲ ಅಂದಿದ್ದರಂತೆ. ಮುಂದೆ ಅದಕ್ಕೆ 1951ರಲ್ಲಿ ವೆನಿಸ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಬಂತು. ಒಪ್ಪದವರು ದಡ್ಡರು ಅನ್ನುವ ಮಾತು ನನಗೆ ಹಿಡಿಸದು. ಒಂದೂವರೆ ನಕ್ಷತ್ರವೂ ನಿಜ, ಆಸ್ಕರೂ ನಿಜ.

ಆದರೆ ಮೇಷ್ಟ್ರೇ, ಮೊದಲ ದಿನದ ತೀರ್ಪಿಗೆ ಎಲ್ಲವನ್ನೂ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. 2014ರ ಮಾರ್ಚಿನಲ್ಲಿ ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ ಬಂದಾಗ ಏನಾಯಿತು ನೆನಪಿದೆಯಾ? ಮಲ್ಪೆಯ ಒಂದು ಘಟನೆ, ಅದನ್ನು ಬೇರೆ ಬೇರೆಯವರು ಕಂಡ ಬಗೆ. ಕಿಶೋರ್, ತಾರಾ, ಅಚ್ಯುತ್ ಕುಮಾರ್, ರಿಷಬ್ ಶೆಟ್ಟಿ, ಯಜ್ಞಾ ಶೆಟ್ಟಿ, ಎಲ್ಲರಿಗೂ ತೂಕದ ಪಾತ್ರ. ಗಲ್ಲಾಪೆಟ್ಟಿಗೆ ಆಗ ಕೈಹಿಡಿಯಲಿಲ್ಲ. ಮುಂದಿನ ವರ್ಷಗಳಲ್ಲಿ ಮನೆಮನೆಯಲ್ಲಿ ಮತ್ತೆ ಮತ್ತೆ ನೋಡಿದರು. 2017ರಲ್ಲಿ ತಮಿಳಿನಲ್ಲಿ ಮರುನಿರ್ಮಾಣವೂ ಆಯಿತು. ಇಂಥ ಸಿನಿಮಾಕ್ಕೆ ಬಾಯಿಂದ ಬಾಯಿಗೆ ಮಾತು ಹರಡಲು ಸಮಯ ಬೇಕು. ಎರಡನೆಯ ವಾರ ಬೇಕು. ನಮ್ಮ ಜಿಲ್ಲೆಯಲ್ಲಿ ಸಣ್ಣ ಸಿನಿಮಾಕ್ಕೆ ಎರಡನೆಯ ವಾರ ಸಿಗುವುದೇ ಅಪರೂಪ. ದೊಡ್ಡ ನಟನ ಸಿನಿಮಾ ಬಂದರೆ ಶುಕ್ರವಾರ ಬೆಳಿಗ್ಗೆಯೇ ಪೋಸ್ಟರ್ ಬದಲು. ನನಗೆ ನಿಜವಾಗಿ ನೋವಾಗುವುದು ಇದಕ್ಕೆ. ಜನ ಒಪ್ಪದೆ ಹೋದರೆ ಸರಿ. ಒಪ್ಪಬೇಕೋ ಬೇಡವೋ ಅಂತ ಮಾತಾಡಿಕೊಳ್ಳುವ ಹೊತ್ತಿಗೆ ಸಿನಿಮಾವೇ ಊರಲ್ಲಿ ಇರುವುದಿಲ್ಲ ಅಂದರೆ ಹೇಗೆ?

ಮಂಜು, ಕೋವಿ, ಕೊಲೆ ಅನ್ನುವ ನಿಮ್ಮ ಸಿಟ್ಟು ನನಗೂ ಇದೆ. ಕೊಲೆಯ ಕಥೆ ಕೊಡಗಿನಲ್ಲಿ ನಡೆಯಬಾರದು ಅಂತ ಹೇಳಲಾರೆ, ಕಥೆ ಎಲ್ಲಿ ಬೇಕಾದರೂ ನಡೆಯಬಹುದು. ನನ್ನ ದೂರು ಬೇರೆ. ಆ ಬಂಗಲೆಯ ಸುತ್ತ ಊರೇ ಇಲ್ಲ. ಎಸ್ಟೇಟ್ ಅಂದ ಮೇಲೆ ಲೆಕ್ಕಪತ್ರ ನೋಡುವ ರೈಟರ್ ಇರಬೇಕು ಅಲ್ವಾ? ಯಾರು ಯಾವಾಗ ಗೇಟು ದಾಟಿದರು, ಜೀಪು ಎಷ್ಟು ಹೊತ್ತಿಗೆ ಬಂತು ಅಂತ ಅವನಿಗೆ ಗೊತ್ತಿರುವಷ್ಟು ಯಜಮಾನರಿಗೂ ಗೊತ್ತಿರುವುದಿಲ್ಲ. ಕೆಲಸದವರ ಲೈನ್ ಮನೆಗಳಿರಬೇಕು. ಅಲ್ಲಿ ಯರವ ಬುಡಕಟ್ಟಿನವರಿದ್ದಾರೆ, ಅಸ್ಸಾಮಿನಿಂದ ಬಂದವರಿದ್ದಾರೆ. ರಾತ್ರಿ ದೀಪ ಆರಿದ್ದನ್ನು ನೋಡುವವರು ಅವರೇ. ಕೊಲೆ ತನಿಖೆ ಮಾಡುವ ಸಿನಿಮಾ ಇವರಲ್ಲಿ ಒಬ್ಬರನ್ನೂ ಒಂದು ಮಾತು ಕೇಳುವುದಿಲ್ಲ! ಮಾತೂ ಅಷ್ಟೇ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಎಲ್ಲ ಒಂದೇ ಸಂತೆಯಲ್ಲಿ ಕೇಳಿಸುವ ಜಿಲ್ಲೆ ಇದು. ಯಾರ ಮುಂದೆ ಯಾವ ಭಾಷೆಯಲ್ಲಿ ಗುಟ್ಟು ಮಾತಾಡುತ್ತಾರೆ ಅನ್ನುವುದರಲ್ಲೇ ಅರ್ಧ ಸಸ್ಪೆನ್ಸ್ ಇದೆ. ಸಿನಿಮಾದಲ್ಲಿ ಎಲ್ಲರದ್ದೂ ಬೆಂಗಳೂರು ಕನ್ನಡ. ವಿರಾಜಪೇಟೆ ಕಡೆಯವರು ಗಡಿಯಾಚೆಯ ಮಲಯಾಳ ಥ್ರಿಲ್ಲರ್‌ಗಳನ್ನು ಇಷ್ಟಪಟ್ಟು ನೋಡುತ್ತಾರೆ. ಅಲ್ಲಿನ ಸಿನಿಮಾಗಳಲ್ಲಿ ಊರು ಊರಿನ ಹಾಗೇ ಇರುತ್ತದೆ, ಅಂಗಡಿಯವನಿಗೂ ಒಂದು ಬದುಕಿರುತ್ತದೆ. ಅದನ್ನು ನೋಡಿ ಪಳಗಿದ ಕಣ್ಣುಗಳು ಖಾಲಿ ಬಂಗಲೆಯನ್ನು ಒಪ್ಪದಿದ್ದರೆ ಆಶ್ಚರ್ಯವಿಲ್ಲ.

ಹಾಗಾದರೆ ಯಾಕೆ ಹೊಗಳಿದಿರಿ ಅಂತ ಕೇಳುತ್ತೀರಿ. ಹಾಡಿಲ್ಲದೆ, ಹೊಡೆದಾಟವಿಲ್ಲದೆ, ಸ್ಟಾರ್ ಇಲ್ಲದೆ ಎರಡು ಗಂಟೆ ಕೂರಿಸುವ ಧೈರ್ಯ ಅದರಲ್ಲಿದೆ. ಹೆಂಚಿನ ಮೇಲಿನ ಮಳೆ, ತಗಡಿನ ಮೇಲಿನ ಮಳೆ, ಎಲೆಯ ಮೇಲಿನ ಮಳೆ ಮೂರನ್ನೂ ಬೇರೆ ಬೇರೆಯಾಗಿ ಕೇಳಿಸಿದ್ದಾರೆ. ಆ ವಯಸ್ಸಾದ ಅಡುಗೆಯವನ ಪಾತ್ರ ಮಾಡಿದ ನಟ ಒಂದು ಮಾತೂ ಆಡದೆ ಸುಮ್ನೆ ಅಕ್ಕಿ ಆರಿಸುತ್ತಾ ಕೂರುತ್ತಾರಲ್ಲ, ಆ ದೃಶ್ಯ ನಿಮಗೂ ಹಿಡಿಸಿರಬೇಕು. ನಮ್ಮ ಮೆಚ್ಚುಗೆಯನ್ನು ನಾವು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ನಿಮ್ಮ ದೂರನ್ನೂ ಕೆಳಗಿಡುವುದಿಲ್ಲ. ಎರಡೂ ಒಂದೇ ಪತ್ರಿಕೆಯಲ್ಲಿ ಇರಲಿ.

ಒಂದು ವಿಷಯ ಕೇಳಬೇಕು. ಮನೆಗೆ ಬಂದ ಮೇಲೆ ಮೊಮ್ಮಗಳ ಜೊತೆ ರಾತ್ರಿ ಹನ್ನೊಂದರವರೆಗೆ ವಾದ ಮಾಡಿದೆ ಅಂತ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಆದರೆ ಅವಳು ಏನೇನಂದಳು ಅಂತ ಪೂರ್ತಿ ಬರೆದಿಲ್ಲ. ಮೂರನೆಯ ಜಾಕೆಟ್ಟಿನವನ ಮೇಲೆ ಅವಳಿಗೆ ಮೊದಲೇ ಅನುಮಾನ ಬಂದಿತ್ತಂತೆ. ಯಾವ ಕಾರಣಕ್ಕೆ? ಅದನ್ನು ಅವಳ ಕೈಯಲ್ಲೇ ಬರೆಸಿ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಈ ಸಿನಿಮಾ ನೋಡಿದ ಓದುಗರಿಗೆ ಎರಡು ಪುಟ ಬಿಟ್ಟಿದ್ದೇವೆ. ಹಿಡಿಸಿದವರೂ ಬರೆಯಬಹುದು, ಎದ್ದು ಹೋದವರೂ ಬರೆಯಬಹುದು. ಎದ್ದು ಹೋದವರು ಎಷ್ಟು ಹೊತ್ತಿಗೆ, ಯಾವ ದೃಶ್ಯದಲ್ಲಿ ಎದ್ದಿರಿ, ಬಸ್ಸಿಗೋ ಬೇಸರಕ್ಕೋ ಅಂತ ತಿಳಿಸಿ. ಕೊಲೆಗಾರ ಯಾರು ಅಂತ ಮಾತ್ರ ಯಾರೂ ಬರೆಯಬೇಡಿ. ಪತ್ರಗಳು ಇದೇ ತಿಂಗಳ ಕೊನೆಯೊಳಗೆ ನಮ್ಮ ಕೈ ಸೇರಲಿ.

— ಸಂಪಾದಕ