ಒಂದೇ ಸಿಡಿಯಲ್ಲಿ ಎಷ್ಟು ಹಾಡು? ಓದುಗರ ಪ್ರಶ್ನೆ, ನಮ್ಮ ಉತ್ತರ

ಮೂವತ್ತು ಹಳೆಯ ಹಾಡುಗಳನ್ನು 64 ಕೆಬಿಪಿಎಸ್ ಮೋನೊ ಎಂಪಿ3ಗೆ ಇಳಿಸಿದೆ. ಎಲ್ಲ ಸೇರಿ 65 ಎಂಬಿ ಅಷ್ಟೇ. ಆದರೂ 700 ಎಂಬಿ ಸಿಡಿಗೆ ಬರೆಯಹೊರಟರೆ ಹದಿನೆಂಟನೇ ಹಾಡಿಗೇ ಜಾಗ ಮುಗಿಯಿತು ಅನ್ನುತ್ತದೆ. ಸಿಡಿ ಕೆಟ್ಟಿದೆಯೇ?
– ಹಾಸನದಿಂದ ಒಬ್ಬ ಓದುಗರು

ಸಿಡಿ ಸರಿಯಾಗಿಯೇ ಇದೆ. ನೀವು ಆರಿಸಿದ್ದು ‘ಆಡಿಯೊ ಸಿಡಿ’. ಅದನ್ನು ಆರಿಸಿದ ಕೂಡಲೇ ಬರ್ನಿಂಗ್ ತಂತ್ರಾಂಶ ಎಂಪಿ3ಯನ್ನು ಬಿಚ್ಚಿ, ಸೆಕೆಂಡಿಗೆ 44,100 ಸ್ಯಾಂಪಲ್ (ದನಿಯ ಅಳತೆ), 16 ಬಿಟ್, ಎರಡು ಚಾನೆಲ್ ಲೆಕ್ಕದಲ್ಲಿ ಬರೆಯುತ್ತದೆ. ಫಿಲಿಪ್ಸ್ ಮತ್ತು ಸೋನಿ 1980ರಲ್ಲಿ ಗೊತ್ತುಮಾಡಿದ ಈ ಅಳತೆಯಲ್ಲಿ ಮೋನೊಗೆ ರಿಯಾಯಿತಿ ಇಲ್ಲ. ಒಂದೇ ದನಿಯನ್ನು ಎಡಕ್ಕೂ ಬಲಕ್ಕೂ ಎರಡು ಸಲ ಬರೆಯುತ್ತದೆ. ಸೆಕೆಂಡಿಗೆ 75 ಸೆಕ್ಟರು (ಡಿಸ್ಕಿನ ಪುಟ್ಟ ಖಾನೆ), 80 ನಿಮಿಷಕ್ಕೆ 3,60,000 ಸೆಕ್ಟರು, ಅಲ್ಲಿಗೆ ಡಿಸ್ಕ್ ಭರ್ತಿ. ನಾಲ್ಕೂವರೆ ನಿಮಿಷದ ಹಾಡು ಹದಿನೇಳಾದರೆ 76 ನಿಮಿಷ ದಾಟಿತು, ಹದಿನೆಂಟನೆಯದು ಹೇಗೆ ಹಿಡಿದೀತು? ಕವರಿನ ಮೇಲಿನ ಎಂಬಿಯನ್ನು ಮರೆತು ನಿಮಿಷ ಮಾತ್ರ ಕೂಡಿ. ಫೈಲ್ ಕುಗ್ಗಿಸಿದ್ದರಿಂದ ನಿಮಗೆ ಸಿಕ್ಕಿದ್ದು ಜಾಗವಲ್ಲ, ಕೆಟ್ಟ ದನಿ. ಮೂಲ ಫೈಲುಗಳಿದ್ದರೆ ಅವುಗಳಿಂದಲೇ ಬರೆಯಿರಿ.

ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಕಛೇರಿ 81 ನಿಮಿಷ 10 ಸೆಕೆಂಡ್ ಇದೆ, ಒಟ್ಟು 12 ಟ್ರ್ಯಾಕ್. ಒಂದು ನಿಮಿಷಕ್ಕಾಗಿ ಇನ್ನೊಂದು ಸಿಡಿ ಬೇಕೇ?
– ಮೈಸೂರಿನಿಂದ

ಬೇಡ. ಮೊದಲು ಕತ್ತರಿ ಹಿಡಿಯಿರಿ. ಚಪ್ಪಾಳೆ, ಮೈಕಿನ ಗಲಾಟೆ, ಕೃತಿಗಳ ನಡುವೆ ಮೃದಂಗ ಶ್ರುತಿ ಮಾಡಿಕೊಳ್ಳುವ ಟಣಟಣ ಇವುಗಳಲ್ಲೇ ಒಂದೆರಡು ನಿಮಿಷ ಸಿಗುವುದುಂಟು. ಚಪ್ಪಾಳೆಯನ್ನು ಪೂರ್ತಿ ಕತ್ತರಿಸಿದರೆ ಕಿವಿಗೆ ಹೊಡೆದಂತಾಗುತ್ತದೆ. ಎರಡು ಮೂರು ಸೆಕೆಂಡ್ ಉಳಿಸಿ ಫೇಡ್ ಔಟ್ ಮಾಡಿ. ಟ್ರ್ಯಾಕುಗಳ ನಡುವೆ ತಂತ್ರಾಂಶ ತಾನಾಗಿ ಸೇರಿಸುವ 2 ಸೆಕೆಂಡ್ ಮೌನವನ್ನು ಸೊನ್ನೆ ಮಾಡಿದರೆ ಮತ್ತೆ 22 ಸೆಕೆಂಡ್ ಉಳಿತಾಯ. ಮೊದಲ ಟ್ರ್ಯಾಕಿನ ಹಿಂದಿನ 2 ಸೆಕೆಂಡ್ ಮಾತ್ರ ಕಡ್ಡಾಯ, ಅದನ್ನು ಮುಟ್ಟಲಾಗದು.

ಇಷ್ಟಾದ ಮೇಲೂ ಅರ್ಧ ನಿಮಿಷ ಹೆಚ್ಚಾದರೆ ಓವರ್‌ಬರ್ನ್, ಅಂದರೆ ನಿಗದಿತ ಅಳತೆ ದಾಟಿ ಬರೆಯುವ ಉಪಾಯ ಇದೆ. 80 ನಿಮಿಷದ ಡಿಸ್ಕಿನ ಅಂಚಿನಲ್ಲಿ ಬರೆಯಬಹುದಾದ ಜಾಗ ಸ್ವಲ್ಪ ಹೆಚ್ಚೇ ಇರುತ್ತದೆ. ಬರ್ನಿಂಗ್ ತಂತ್ರಾಂಶಗಳ ಪೈಕಿ ನೀರೊದಲ್ಲಿ ಎಕ್ಸ್‌ಪರ್ಟ್ ಫೀಚರ್ಸ್ ಅಡಿಯಲ್ಲಿ, ಲಿನಕ್ಸಿನ ಕೆ3ಬಿಯಲ್ಲಿ ಸೆಟ್ಟಿಂಗುಗಳ ಅಡ್ವಾನ್ಸ್ಡ್ ಭಾಗದಲ್ಲಿ ಇದಕ್ಕೆ ಅನುಮತಿ ಕೊಡಬೇಕು. ಬರೆಯುವ ವಿಧಾನ ‘ಡಿಸ್ಕ್ ಅಟ್ ಒನ್ಸ್’ (ನಡುವೆ ನಿಲ್ಲಿಸದೆ ಇಡೀ ಡಿಸ್ಕ್ ಒಂದೇ ಸಲಕ್ಕೆ) ಆಗಿರಬೇಕು, ವೇಗ 8 ಅಥವಾ 16 ಪಟ್ಟು ಸಾಕು. ಕೆಲವು ಡ್ರೈವುಗಳು ಇದಕ್ಕೆ ಒಪ್ಪುವುದೇ ಇಲ್ಲ. ಅವುಗಳ ಜೊತೆ ಗುದ್ದಾಡಿ ಫಲವಿಲ್ಲ. ಬರೆದಾದ ಮೇಲೆ ಕೊನೆಯ ಟ್ರ್ಯಾಕನ್ನು, ಯಾವ ಪ್ಲೇಯರಿನಲ್ಲಿ ಕೇಳುತ್ತೀರೋ ಅದರಲ್ಲೇ, ಕೊನೆಯ ಸೆಕೆಂಡಿನವರೆಗೆ ಕೇಳಿ. ಸಿಡಿ ಒಳಗಿನಿಂದ ಹೊರಕ್ಕೆ ಬರೆಯುವಂಥದ್ದು. ಹೊರ ಅಂಚಿನಲ್ಲಿ ಲೇಪ ಅಷ್ಟು ಸಮನಾಗಿರುವುದಿಲ್ಲ, ಬೆರಳ ಗುರುತು ಬೀಳುವುದೂ ಅಲ್ಲೇ. ಆದ್ದರಿಂದ ಮೊದಲು ತಡವರಿಸುವುದು ನಿಮ್ಮ ಮಂಗಳ.

ಟೆಂಪೊವನ್ನು (ಹಾಡಿನ ಓಟವನ್ನು) ಶೇ 2 ಏರಿಸಿದರೆ 81:10 ಇದ್ದದ್ದು 79:35ರ ಆಸುಪಾಸಿಗೆ ಇಳಿಯುತ್ತದೆ, ನಿಜ. ಶ್ರುತಿಯೂ ಕದಲುವುದಿಲ್ಲ. ಆದರೆ ಲಯ ಕದಲುತ್ತದೆ. ವಿಳಂಬ ಕಾಲದ ಕೀರ್ತನೆಗೆ ಆ ಕೆಲಸ ಮಾಡಬೇಡಿ; ಉಪನ್ಯಾಸವಾದರೆ ಅಡ್ಡಿಯಿಲ್ಲ. ಒಂದು ಸಂದರ್ಭ ಮಾತ್ರ ಬೇರೆ: ಗಾಯಕರ ಶ್ರುತಿ ನಿಮಗೆ ಖಚಿತವಾಗಿ ಗೊತ್ತಿದ್ದು, ಕ್ಯಾಸೆಟ್ಟಿನಲ್ಲಿ ಅದಕ್ಕಿಂತ ಒಂದು ಸ್ವರಸ್ಥಾನ ಕೆಳಗೆ ಕೇಳುತ್ತಿದ್ದರೆ, ನಿಮ್ಮ ಡೆಕ್ಕು ಶೇ 6ರಷ್ಟು ನಿಧಾನವಾಗಿ ಓಡಿದೆ, ಇಲ್ಲವೇ ಮುದ್ರಿಸಿದ ಡೆಕ್ಕು ಅಷ್ಟು ವೇಗವಾಗಿ ಓಡಿತ್ತು. ಆಗ ದನಿ ತಿದ್ದುವ ತಂತ್ರಾಂಶ ಆಡಾಸಿಟಿಯಲ್ಲಿ ‘ಚೇಂಜ್ ಸ್ಪೀಡ್’ (ಹೊಸ ಆವೃತ್ತಿಗಳಲ್ಲಿ ‘ಚೇಂಜ್ ಸ್ಪೀಡ್ ಆಂಡ್ ಪಿಚ್’) ಬಳಸಿ ಸರಿಪಡಿಸಿ. ಶ್ರುತಿಯೂ ಲಯವೂ ಸ್ವಸ್ಥಾನಕ್ಕೆ ಬಂದು, ಒಟ್ಟು ಅವಧಿ ಸುಮಾರು 76½ ನಿಮಿಷಕ್ಕೆ ನಿಲ್ಲುತ್ತದೆ.

2 ಗಂಟೆ 25 ನಿಮಿಷದ ಹಳೆಯ ತಾಳಮದ್ದಳೆ, ಮೋನೊ ಮುದ್ರಣ. ತಂದೆಯವರ ಪ್ಲೇಯರಿನಲ್ಲಿ ಎಂಪಿ3 ಓಡುವುದಿಲ್ಲ, ಸಿಡಿ ಬದಲಿಸುವುದು ಅವರಿಗೆ ಕಷ್ಟ. ದಾರಿ ಇದೆಯೇ?
– ಉಡುಪಿಯಿಂದ

ಇದೆ, ಆದರೆ ಪ್ಲೇಯರಿಗೋ ಆಂಪ್ಲಿಫೈಯರಿಗೋ ಬ್ಯಾಲೆನ್ಸ್ ಗುಂಡಿ ಇರಬೇಕು. ಮೋನೊ ಇದ್ದರೂ ಸಿಡಿ ಎರಡು ಚಾನೆಲ್ ಬರೆಯುತ್ತದಲ್ಲ, ಮೊದಲರ್ಧವನ್ನು ಎಡಕ್ಕೂ ಉಳಿದರ್ಧವನ್ನು ಬಲಕ್ಕೂ ಹಾಕಿಬಿಡಿ. ತಲಾ 72½ ನಿಮಿಷ, ಆರಾಮಾಗಿ ಹಿಡಿಯುತ್ತದೆ.

ಆಡಾಸಿಟಿಯಲ್ಲಿ ಪ್ರಸಂಗವನ್ನು ತೆರೆದು, ನಡುಮಧ್ಯದ ಆಚೀಚೆ ಭಾಗವತರು ಪದ್ಯ ಎತ್ತುವ ಜಾಗ ಹುಡುಕಿ ಎರಡು ತುಂಡು ಮಾಡಿ. ಅರ್ಥಗಾರಿಕೆಯ ನಡುವೆ ಕತ್ತರಿಸಿದರೆ ಕೇಳುವವರು ಬೈಯುತ್ತಾರೆ. ಎರಡನೇ ತುಂಡನ್ನು ಕೆಳಗಿನ ಟ್ರ್ಯಾಕಿನ ಆರಂಭಕ್ಕೆ ಎಳೆದು, ಎರಡನ್ನೂ ಒಂದೇ ಮಟ್ಟಕ್ಕೆ ನಾರ್ಮಲೈಸ್ ಮಾಡಿ. ಒಂದು ಜೋರಾಗಿ ಇನ್ನೊಂದು ಮೆತ್ತಗಿದ್ದರೆ, ಜೋರಿನದು ಮೆತ್ತಗಿನದರ ಹಿಂದೆ ಗುನುಗುತ್ತಲೇ ಇರುತ್ತದೆ. ಆಮೇಲೆ ಮೇಲಿನದನ್ನು ಪೂರ್ತಿ ಎಡಕ್ಕೆ, ಕೆಳಗಿನದನ್ನು ಪೂರ್ತಿ ಬಲಕ್ಕೆ ಪ್ಯಾನ್ ಮಾಡಿ.

ಎಪ್ಪತ್ತೆರಡು ನಿಮಿಷ ಒಂದೇ ಟ್ರ್ಯಾಕ್ ಆದರೆ ನಿಲ್ಲಿಸಿದ ಜಾಗ ಹುಡುಕುವುದು ಕಷ್ಟ. ಐದೈದು ನಿಮಿಷಕ್ಕೆ ಲೇಬಲ್ ಹಾಕಿ, ಲೇಬಲ್ ಪ್ರಕಾರ ಬೇರೆ ಬೇರೆ ಫೈಲುಗಳಾಗಿ ಉಳಿಸಿ. ಲೇಬಲ್ ಹಾಕುವ ಮುನ್ನ ಸ್ನ್ಯಾಪ್ ಆಯ್ಕೆಯಲ್ಲಿ ‘ಸಿಡಿಡಿಎ ಫ್ರೇಮ್ಸ್’ ಇಟ್ಟುಕೊಳ್ಳಿ. ಸಿಡಿಯ ಒಂದು ಫ್ರೇಮಿಗೆ (ಮೇಲೆ ಹೇಳಿದ ಸೆಕ್ಟರೇ ಇದು) 588 ಸ್ಯಾಂಪಲ್. ತುಂಡು ಅದರ ನಡುವೆ ಬಿದ್ದರೆ ಉಳಿದ ಜಾಗಕ್ಕೆ ಮೌನ ತುಂಬಿ, ಟ್ರ್ಯಾಕ್ ಬದಲಾಗುವಾಗಲೆಲ್ಲ ‘ಟಿಕ್’ ಅನ್ನುತ್ತದೆ. ಫೈಲು 16 ಬಿಟ್, 44,100ರ ವೇವ್ ಆಗಿರಲಿ. ಎಂಪಿ3 ಮಾಡಿದಿರೋ, ಎರಡು ಚಾನೆಲನ್ನು ಸೇರಿಸಿ ಕುಗ್ಗಿಸುವ ಅದರ ಜಾಯಿಂಟ್ ಸ್ಟೀರಿಯೊ ವಿಧಾನ ಎರಡೂ ಕಡೆಯನ್ನು ಕಲಸಿಬಿಡಬಹುದು. ಬರೆಯುವಾಗ ನಡುವಿನ ಅಂತರ ಸೊನ್ನೆ.

ಕೇಳುವಾಗ ಗುಂಡಿ ಎಡಕ್ಕೆ. ಮುಗಿದ ಮೇಲೆ ಬಲಕ್ಕೆ ತಿರುಗಿಸಿ ಮತ್ತೆ ಮೊದಲಿಂದ. ದನಿ ಒಂದೇ ಸ್ಪೀಕರಿನಿಂದ ಬರುತ್ತದೆ. ಡಿಸ್ಕಿನ ಮೇಲೆ ದೊಡ್ಡದಾಗಿ ‘ಎಡ – ಪೂರ್ವಾರ್ಧ, ಬಲ – ಉತ್ತರಾರ್ಧ’ ಎಂದು ಸಿಡಿ ಮಾರ್ಕರಿನಲ್ಲಿ ಬರೆದಿಡಿ. ಇಲ್ಲವಾದರೆ ಯಾರೋ ಗುಂಡಿ ನಡುವೆ ಇಟ್ಟು, ಕೌರವನೂ ಕೃಷ್ಣನೂ ಒಟ್ಟಿಗೇ ಮಾತಾಡಿದರು ಎಂದು ದೂರುತ್ತಾರೆ.

90, 99 ನಿಮಿಷದ ಸಿಡಿ ಕೊಳ್ಳಬಹುದೇ?
– ಶಿವಮೊಗ್ಗದಿಂದ

ಬೇಡ. ಸುರುಳಿಯ ಸುತ್ತುಗಳನ್ನು ಇಕ್ಕಟ್ಟಾಗಿ ಜೋಡಿಸಿ ಅಷ್ಟು ಹಿಡಿಸಿರುತ್ತಾರೆ. ಸುತ್ತುಗಳ ಅಂತರ 1.6 ಮೈಕ್ರಾನ್ ಇರಬೇಕೆಂಬ ನಿರೀಕ್ಷೆಯಲ್ಲಿ ತಯಾರಾದ ಹಳೆಯ ಪ್ಲೇಯರುಗಳು ದಾರಿ ತಪ್ಪುತ್ತವೆ.

ಕಾರಿನ ಪ್ಲೇಯರ್ ಮೇಲೆ ‘ಎಂಪಿ3’ ಎಂದಿದೆ. ಎಷ್ಟು ಹಾಡು ಹಿಡಿಯುತ್ತದೆ?
– ಹುಬ್ಬಳ್ಳಿಯಿಂದ

ಹಾಗಿದ್ದರೆ ಎಂಬಿ ಲೆಕ್ಕವೇ ಸರಿ. ‘ಡೇಟಾ ಸಿಡಿ’ ಆರಿಸಿ. 128 ಕೆಬಿಪಿಎಸ್ ಆದರೆ ಸುಮಾರು ಹನ್ನೆರಡೂಮುಕ್ಕಾಲು ಗಂಟೆ, 192 ಆದರೆ ಎಂಟೂವರೆ. ಕಾರಿನ ಸದ್ದಿನಲ್ಲೂ ತಾಳದ ಝಲ್ಲು ಕಲಸಿಹೋಗದಂತೆ ಇರಬೇಕೆಂದರೆ 192 ಇಡಿ. ಡಿಸ್ಕಿನಲ್ಲಿ ಫೈಲು ಜೋಡಿಸುವ ಪದ್ಧತಿಗಳಲ್ಲಿ ಯುಡಿಎಫ್ ಬೇಡ, ಐಎಸ್‌ಒ 9660 ಮತ್ತು ಜೋಲಿಯೆಟ್ ಇರಲಿ, ಕೊನೆಗೆ ಡಿಸ್ಕನ್ನು ಮುಚ್ಚಿ (ಫೈನಲೈಸ್ ಮಾಡಿ). ಫೈಲಿನ ಹೆಸರು 01, 02 ಎಂದು ಶುರುವಾಗಲಿ. ಬರೀ 1, 2 ಹಾಕಿದರೆ ಎಷ್ಟೋ ಪ್ಲೇಯರುಗಳಲ್ಲಿ 1ರ ನಂತರ 10 ಬರುತ್ತದೆ. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ, ಕನ್ನಡ ಲಿಪಿ ಅಂಥ ಪರದೆಗಳಲ್ಲಿ ಬರೀ ಚೌಕಗಳಾಗುವುದೇ ಹೆಚ್ಚು.