ಒಂದೂವರೆ ವರ್ಷದ ಮಗುವನ್ನು ಕ್ರೂಸ್‌ಗೆ ಕರೆದುಕೊಂಡು ಹೋಗಬಹುದಾ?

ಗೌರಿಬಿದನೂರಿನಿಂದ ನೀವು ಕೇಳಿರುವುದು ಇಷ್ಟು: ಮಗಳಿಗೆ ಒಂದೂವರೆ ವರ್ಷ. ಅತ್ತೆ, ಮಾವ, ಭಾವ, ಓರಗಿತ್ತಿ ಎಲ್ಲ ಸೇರಿ ಹಡಗಿನ ಪ್ರವಾಸಕ್ಕೆ ಹೊರಟಿದ್ದೀರಿ. ಮಗುವನ್ನು ಜೊತೆಗೆ ಕರೆದುಕೊಂಡು ಹೋಗುವುದಾ, ಇಲ್ಲ ನಿಮ್ಮ ಅಮ್ಮನ ಹತ್ತಿರ ಬಿಟ್ಟು ಹೋಗುವುದಾ ಅಂತ.

ಕರೆದುಕೊಂಡು ಹೋಗಿ. ನಾವು ಕೋಲಾರದವರು, ಮಾವನವರಿಗೆ ಅರವತ್ತು ತುಂಬಿದಾಗ ಹೀಗೇ ಹೋಗಿ ಬಂದೆವು. ಚೆನ್ನೈ ಬಂದರಿನಿಂದ ಹೊರಟು ಮತ್ತೆ ಅಲ್ಲಿಗೇ ಬರುವ ಎರಡು ರಾತ್ರಿಯ ಹಡಗು. ಬಂಗಾರಪೇಟೆಯಲ್ಲಿ ರೈಲು ಹತ್ತಿದಾಗ ನನ್ನ ಮಗನಿಗೆ ಒಂದು ವರ್ಷ ಎಂಟು ತಿಂಗಳು. ಏಳು ಜನ ದೊಡ್ಡವರು, ಒಂದು ಮಗು. ಇಷ್ಟು ಕೈಗಳಿರುವಾಗ ಏನು ಚಿಂತೆ ಅಂದುಕೊಂಡೇ ಹೊರಟಿದ್ದೆ. ನಿಮಗೆ ನಾನು ಮುಖ್ಯವಾಗಿ ಹೇಳಬೇಕಿರುವುದು ಆ ಏಳು ಜನರ ವಿಷಯವನ್ನೇ.

ಎರಡನೇ ದಿನ ಬೆಳಿಗ್ಗೆ ತಿಂಡಿ ಮುಗಿಸಿ ಎಲ್ಲರೂ ಮೇಲಿನ ಡೆಕ್‌ಗೆ ಹೋದೆವು. ಬಿಸಿಲು ಇನ್ನೂ ಎಳೆಯದಿತ್ತು, ಸುತ್ತ ನೀರೇ ನೀರು. ಮಗು ನಾದಿನಿಯ ಹತ್ತಿರ ಇದೆ ಅಂತ ನಾನು. ಮೈದುನನ ಕೈಗೆ ಕೊಟ್ಟೆ ಅಂತ ಅವಳು. ಮೈದುನ ಅತ್ತೆ-ಮಾವನ ಫೋಟೋ ತೆಗೆಯುತ್ತಿದ್ದ, ಮಗು ಅಮ್ಮನ ಹತ್ತಿರ ಓಡಿತಲ್ಲ ಅಂದುಕೊಂಡಿದ್ದ. ಅರ್ಧ ನಿಮಿಷವೂ ಆಗಿರಲಿಲ್ಲ. ಮಾವನವರು ಇದ್ದಕ್ಕಿದ್ದಂತೆ ದಾಪುಗಾಲು ಹಾಕಿ ನಡೆದದ್ದನ್ನು ನೋಡಿ ತಿರುಗಿದೆ. ಮಗ ಈಜುಕೊಳದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು, ನೀರಿನ ಬಾಟಲಿಯ ಮುಚ್ಚಳವನ್ನು ನೀರಲ್ಲಿ ಅದ್ದಿ ಅದ್ದಿ ತೆಗೆಯುತ್ತಿದ್ದ. ಅವನ ಮೊಣಕಾಲಿಗೂ ನೀರಿಗೂ ಒಂದು ಗೇಣು. ಹಡಗು ಮೆಲ್ಲಗೆ ವಾಲಿದಂತೆಲ್ಲ ಕೊಳದ ನೀರು ಅಂಚಿನ ಮೇಲೆ ಉಕ್ಕಿ ಬಂದು ನೆಲ ಜಾರುತ್ತಿತ್ತು. ಮಾವನವರು ಹಿಂದಿನಿಂದ ಎರಡೂ ಕಂಕುಳಿಗೆ ಕೈ ಹಾಕಿ ಎತ್ತಿಕೊಂಡರು. ಅವನಿಗೆ ಆಟ ಕಿತ್ತುಕೊಂಡರೆಂದು ಅಳು, ನನಗೆ ಕೈಕಾಲು ನಡುಕ.

ಈಗ ನೆನೆದರೂ ಎದೆ ಝಲ್ ಅನ್ನುತ್ತದೆ. ಈ ವಯಸ್ಸಿನ ಮಕ್ಕಳು ಮುಳುಗುವಾಗ ಕೂಗುವುದಿಲ್ಲ, ಸದ್ದೇ ಆಗುವುದಿಲ್ಲ. ಎಷ್ಟೋ ಹಡಗುಗಳಲ್ಲಿ ಕೊಳದ ಹತ್ತಿರ ಕಾವಲಿಗೆ ಯಾರೂ ಇರುವುದಿಲ್ಲ, ಬೋರ್ಡ್ ಮಾತ್ರ ಇರುತ್ತದೆ. ಅದೂ ಅಲ್ಲದೆ ನಮ್ಮ ಮಕ್ಕಳಿಗೆ ನೀರಿನ ಪರಿಚಯವೇ ಇಲ್ಲ. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಒಂದು ನದಿಯಿಲ್ಲ, 2018ರಲ್ಲಿ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ಬರುವವರೆಗೆ ಎಷ್ಟೋ ಕೆರೆಗಳಲ್ಲಿ ಜಾಲಿ ಬೆಳೆದಿತ್ತು. ನಿಮ್ಮ ಕಡೆಯೂ ಬೇರೆಯಲ್ಲ. ನೀರು ಅಂದರೆ ಬಕೆಟ್ಟಿನಲ್ಲಿ ಆಡುವ ವಸ್ತು ಅಂತ ತಿಳಿದ ಮಗು ಕೊಳವನ್ನೂ ಹಾಗೇ ನೋಡುತ್ತದೆ.

ಅಲ್ಲೇ ನಿಂತು ಮಾವನವರು ಒಂದು ಕಟ್ಟಳೆ ಮಾಡಿದರು. ಅವರ ಹೆಗಲ ಮೇಲೆ ಸದಾ ಒಂದು ಕೆಂಪಂಚಿನ ಟವೆಲ್ ಇರುತ್ತದೆ. ಅದನ್ನು ತೆಗೆದು ನನ್ನ ಹೆಗಲಿಗೆ ಹಾಕಿ, "ಇದು ಯಾರ ಹೆಗಲ ಮೇಲೆ ಇದೆಯೋ ಮಗು ಅವರದು. ಟವೆಲ್ ಕೊಡದೆ ಮಗು ಕೊಡಬೇಡಿ, ಮಗು ತಗೊಳ್ಳದೆ ಟವೆಲ್ ತಗೋಬೇಡಿ" ಅಂದರು. ತಗೊಂಡವರು ಬಾಯಿಬಿಟ್ಟು "ಮಗು ನನ್ನ ಹತ್ತಿರ" ಅನ್ನಬೇಕು. ಟವೆಲ್ ಇರುವವರು ಫೋನು ತೆಗೆಯುವ ಹಾಗಿಲ್ಲ. ಅವತ್ತಿನಿಂದ ಇಳಿಯುವವರೆಗೆ ಇದು ಒಮ್ಮೆಯೂ ತಪ್ಪಲಿಲ್ಲ. ಮೈದುನ ಬಚ್ಚಲಿಗೆ ಹೋಗಬೇಕಾದರೂ ಟವೆಲ್ ಹಿಡಿದು, ತಗೊಳ್ಳುವವರು ಸಿಗುವವರೆಗೆ ಕಾದು ನಿಂತ. ಇನ್ನೊಂದು ಲಾಭವೂ ಆಯಿತು: ಟವೆಲ್ ನನ್ನ ಹೆಗಲ ಮೇಲೆ ಇಲ್ಲದಾಗ ನಾನು ನಿಜವಾಗಿ ನಿಶ್ಚಿಂತೆಯಿಂದ ಕೂತು ಸಮುದ್ರ ನೋಡಿದೆ. ಹೆತ್ತ ಮೇಲೆ ಹಾಗೆ ಕೂತಿದ್ದು ಅದೇ ಮೊದಲು.

ನೀವೂ ಮನೆಯಿಂದ ಹೊರಡುವ ಮೊದಲೇ ಇಂಥದ್ದೊಂದು ಮಾಡಿಕೊಳ್ಳಿ. ಟವೆಲ್ಲೇ ಆಗಬೇಕಿಲ್ಲ, ಎದ್ದು ಕಾಣುವ ಏನಾದರೂ ಸರಿ. ಹಿರಿಯರ ಬಾಯಿಂದಲೇ ಹೇಳಿಸಿ. ಸೊಸೆ ಹೇಳಿದರೆ ಆಜ್ಞೆ ಮಾಡಿದ ಹಾಗೆ ಕೇಳಿಸಬಹುದು, ಮಾವ ಹೇಳಿದರೆ ಅದು ಮನೆಯ ರೀತಿಯಾಗುತ್ತದೆ.

ಡೈಪರ್ ಹಾಕುವ ಮಕ್ಕಳನ್ನು ಹಡಗಿನ ಕೊಳಕ್ಕೆ ಸಾಮಾನ್ಯವಾಗಿ ಬಿಡುವುದಿಲ್ಲ, ಈಜುವ ಡೈಪರ್ ಹಾಕಿದರೂ ಬಿಡುವುದಿಲ್ಲ. ಮಕ್ಕಳ ಆಟದ ಕೋಣೆಯಲ್ಲಿ ಬಿಟ್ಟು ಬರಲು ಹೆಚ್ಚಿನ ಕಡೆ ಮೂರು ವರ್ಷ ತುಂಬಿರಬೇಕು, ಡೈಪರ್ ಬಿಟ್ಟಿರಬೇಕು. ಹಾಗಾಗಿ ಜಾಹೀರಾತಿನಲ್ಲಿ ಮಕ್ಕಳಿಗಾಗಿ ಅಂತ ತೋರಿಸುವುದರಲ್ಲಿ ಬಹುಪಾಲು ನಿಮ್ಮ ಮಗಳಿಗೆ ಸಿಗುವುದಿಲ್ಲ, ಆ ಲೆಕ್ಕದಲ್ಲೇ ದುಡ್ಡು ಕೊಡಿ. ಬಾಲ್ಕನಿ ಇರುವ ರೂಮು ತಗೊಂಡರೆ ಹೋದ ತಕ್ಷಣ ಅಲ್ಲಿನ ಕುರ್ಚಿ, ಪುಟ್ಟ ಮೇಜು ಎರಡನ್ನೂ ಒಳಗೆ ಎಳೆದುಕೊಂಡು ಬಾಗಿಲಿನ ಚಿಲಕ ಹಾಕಿಡಿ. ಕಟಾಂಜನ ಎತ್ತರವೇ ಇರುತ್ತದೆ, ಅಪಾಯವಿರುವುದು ಹತ್ತಲು ಸಿಗುವ ಕುರ್ಚಿಯಿಂದ. ನಾವು ಕಿಟಕಿಯೇ ಇಲ್ಲದ ಒಳಗಿನ ರೂಮು ತಗೊಂಡಿದ್ದೆವು. ದೀಪ ಆರಿಸಿದರೆ ಹಗಲಲ್ಲೂ ಕತ್ತಲು, ಮಧ್ಯಾಹ್ನ ಎರಡು ಗಂಟೆ ನಿದ್ದೆ ಮಾಡಿದ. ರಾತ್ರಿಗೆ ಒಂದು ಸಣ್ಣ ದೀಪ ಬೇಕೇ ಬೇಕು, ಇಲ್ಲದಿದ್ದರೆ ಎಚ್ಚರವಾದಾಗ ಗಾಬರಿಯಾಗುತ್ತದೆ.

ಇನ್ನು ಊಟ. ನಮ್ಮ ಮನೆಯಲ್ಲಿ ಅತಿ ಹೆಚ್ಚು ಚರ್ಚೆಯಾದದ್ದು ಇದೇ. ಹಡಗಿನಲ್ಲಿ ಅನ್ನ, ಬೇಳೆ, ಮೊಸರು, ಇಡ್ಲಿ ಎಲ್ಲ ಸಿಗುತ್ತದೆ. ಆದರೆ ಮಗು ಬೆಳಿಗ್ಗೆ ಎದ್ದ ಕೂಡಲೇ ಕೇಳುವುದು ದಿನಾ ತಿನ್ನುವುದನ್ನೇ. ನನ್ನ ಮಗನಿಗೆ ಅದು ರಾಗಿ ಸರಿ. ಒಲೆ ಇಲ್ಲದೆ ಸರಿ ಬೇಯುವುದಿಲ್ಲ. ಬರೀ ಬಿಸಿನೀರು ಹಾಕಿ ಕಲಸಿದರೆ ಗಂಟಾಗುತ್ತದೆ, ಹಸಿಯೂ ಇರುತ್ತದೆ, ಹೊಟ್ಟೆ ಕೆಡುತ್ತದೆ. ಕರೆಂಟ್ ಕೆಟಲ್ ತಗೊಂಡು ಹೋಗೋಣ ಅಂದರೆ ಹಡಗಿಗೆ ಅದನ್ನು ಬಿಡುವುದಿಲ್ಲ. ಇಸ್ತ್ರಿ ಪೆಟ್ಟಿಗೆ, ಅನ್ನದ ಕುಕ್ಕರ್ ಕೂಡ ಬಿಡುವುದಿಲ್ಲ. ನೀರಿನ ನಡುವೆ ಬೆಂಕಿ ಅಂದರೆ ಅವರಿಗೆ ಅಷ್ಟು ಭಯ, ಅದು ಸರಿಯೇ.

ದಾರಿ ತೋರಿಸಿದ್ದು ಅತ್ತೆ: ಹುರಿಹಿಟ್ಟು. ರಾಗಿಗೆ ನೀರು ಚಿಮುಕಿಸಿ, ರಾತ್ರಿ ಬಟ್ಟೆಯಲ್ಲಿ ಕಟ್ಟಿಟ್ಟು, ಬೆಳಿಗ್ಗೆ ನೆರಳಲ್ಲಿ ಆರಿಸಿ, ಕಾದ ಕಬ್ಬಿಣದ ಬಾಣಲೆಯಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ ಅರಳಿಸಿದರು. ಚಟಪಟ ಸಿಡಿದು ಕೆಂಗಂದು ಬಣ್ಣದ ಕಾಳು ಬೆಳ್ಳಗೆ ಬಿರಿಯುತ್ತದೆ. ಅದನ್ನು ಬೀಸಿಸಿ ತೆಳು ಬಟ್ಟೆಯಲ್ಲಿ ಜರಡಿ ಹಿಡಿದರು. ಅರಳಿದ ರಾಗಿ ಆಗಲೇ ಬೆಂದಿರುತ್ತದೆ, ಮತ್ತೆ ಬೇಯಿಸುವ ಕೆಲಸವಿಲ್ಲ. ಬಿಸಿ ಹಾಲು, ಒಂದಿಷ್ಟು ಬೆಲ್ಲದ ಪುಡಿ, ಕಲಸಿದರೆ ಆಯಿತು. ಹಡಗಿನ ಹಾಲನ್ನು ಮಗ ಮೂಸಿ ನೋಡಿ ಲೋಟ ತಳ್ಳಿದ್ದ. ಅದೇ ಹಾಲಿಗೆ ಎರಡು ಚಮಚ ಹುರಿಹಿಟ್ಟು ಬಿದ್ದ ಮೇಲೆ ಬಟ್ಟಲು ನೆಕ್ಕಿದ. ಹೊರಗಿನ ತಿಂಡಿಗೆ ಹಡಗಿನವರ ನಿರ್ಬಂಧ ಇರುತ್ತದೆ, ಮಗುವಿನ ಆಹಾರಕ್ಕೆ ಸಾಮಾನ್ಯವಾಗಿ ವಿನಾಯಿತಿ. ಆದರೂ ಮೊದಲೇ ಮೇಲ್ ಬರೆದು ಕೇಳಿ, ಅವರ ಉತ್ತರವನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳಿ. ನಾವು ಹಾಗೆ ಮಾಡಿದ್ದಕ್ಕೆ ತಪಾಸಣೆಯಲ್ಲಿ ಡಬ್ಬಿ ತೆರೆದು ನೋಡಿ ಬಿಟ್ಟರು.

ಬಫೆಯಲ್ಲಿ ಒಂದು ಎಚ್ಚರ. ದ್ರಾಕ್ಷಿ ನಿಮ್ಮ ಚಿಕ್ಕಬಳ್ಳಾಪುರದ ಕಡೆಯದ್ದೇ, ಮಗಳಿಗೆ ರೂಢಿ ಇರಬಹುದು. ಹಾಗಂತ ಯಾರೋ ಪ್ರೀತಿಯಿಂದ ಇಡೀ ಹಣ್ಣನ್ನು ಬಾಯಿಗಿಡಲು ಬಿಡಬೇಡಿ, ಉದ್ದಕ್ಕೆ ಸೀಳಿ ಕೊಡಿ. ಇಡೀ ಕಡಲೇಕಾಯಿ ಬೀಜವಂತೂ ಬೇಡವೇ ಬೇಡ. ಊಟಕ್ಕೆ ಮುಂಚೆ ಎಲ್ಲರೂ ಸೋಪು ಹಾಕಿ ಕೈ ತೊಳೆಯಿರಿ. ಹಡಗಿನಲ್ಲಿ ಹರಡುವ ವಾಂತಿ-ಭೇದಿಯ ನೋರೋವೈರಸ್‌ಗೆ ಸ್ಯಾನಿಟೈಸರ್ ಸರಿಯಾಗಿ ತಾಗುವುದಿಲ್ಲ.

ಸ್ನಾನದ್ದೊಂದು ಪುಟ್ಟ ವಿಷಯ. ರೂಮಿನಲ್ಲಿ ಶವರ್ ಮಾತ್ರ, ಬಕೆಟ್ ಇಲ್ಲ. ತಲೆ ಮೇಲಿಂದ ನೀರು ಸುರಿದದ್ದೇ ಮಗ ಕಿರುಚಿಕೊಂಡ. ಮನೆಯ ಪ್ಲಾಸ್ಟಿಕ್ ಚೊಂಬು ತಂದಿದ್ದೆ, ಸಿಂಕಿನಲ್ಲಿ ನೀರು ಹಿಡಿದು ಅದರಲ್ಲಿ ಹಾಕಿದೆ. ಬಚ್ಚಲಿನ ಹೊಸ್ತಿಲು ಎತ್ತರ, ಬಾಗಿಲು ಭಾರ. ಬೆರಳು ಸಿಕ್ಕಿಕೊಳ್ಳದ ಹಾಗೆ ನೋಡಿಕೊಳ್ಳಿ.

ಸಮುದ್ರದ ತಲೆಸುತ್ತು ಎರಡು ವರ್ಷದೊಳಗಿನ ಮಕ್ಕಳಿಗೆ ಅಪರೂಪ, ದೊಡ್ಡವರಿಗೇ ಹೆಚ್ಚು. ಅತ್ತೆ ಮೊದಲ ರಾತ್ರಿ ಪೂರ್ತಿ ಮಲಗಿಯೇ ಇದ್ದರು. ಬುಕ್ ಮಾಡುವಾಗ ಕೆಳಗಿನ ಅಂತಸ್ತಿನಲ್ಲಿ, ಹಡಗಿನ ನಡುಭಾಗದ ರೂಮು ಕೇಳಿ, ಅಲ್ಲಿ ಅಲುಗಾಟ ಕಡಿಮೆ. ಆದರೆ ದೊಡ್ಡವರ ವಾಂತಿ ಮಾತ್ರೆಯನ್ನು ಮುರಿದು ಮಗುವಿಗೆ ಕೊಡಬೇಡಿ. ಅದರಲ್ಲಿ ಪ್ರೋಮೆಥಜೀನ್ ಇದ್ದರೆ ಎರಡು ವರ್ಷದೊಳಗಿನ ಮಕ್ಕಳ ಉಸಿರಾಟಕ್ಕೇ ಅಪಾಯ. ಹೊರಡುವ ಮೊದಲು ಮಕ್ಕಳ ಡಾಕ್ಟರನ್ನು ಕಂಡು, ತೂಕ ನೋಡಿಸಿ, ಜ್ವರದ ಸಿರಪ್ ಎಷ್ಟು ಮಿಲಿ ಅಂತ ಅದೇ ಚೀಟಿಯಲ್ಲಿ ಬರೆಸಿಕೊಳ್ಳಿ. ಓ.ಆರ್.ಎಸ್. ಪ್ಯಾಕೆಟ್ ಇಟ್ಟುಕೊಳ್ಳಿ. ಹಡಗಿನಲ್ಲಿ ಡಾಕ್ಟರ್ ಇರುತ್ತಾರೆ, ಆದರೆ ಅವರು ಮಕ್ಕಳ ತಜ್ಞರೇ ಆಗಿರುತ್ತಾರೆಂದು ನಂಬಿ ಹೋಗಬೇಡಿ. ಫೀಸೂ ಬೇರೆ.

ಹತ್ತುವ ದಿನವೇ ಅತಿ ಸುಸ್ತಿನ ದಿನ. ಬಂದರಿನಲ್ಲಿ ಗಂಟೆಗಟ್ಟಲೆ ಸಾಲು. ದೊಡ್ಡ ಸೂಟ್‌ಕೇಸ್‌ಗಳನ್ನು ಕೆಳಗೇ ತಗೊಂಡು ಎಷ್ಟೋ ಹೊತ್ತಿನ ಮೇಲೆ ರೂಮಿಗೆ ತಲುಪಿಸುತ್ತಾರೆ, ಆದ್ದರಿಂದ ಡೈಪರ್, ಎರಡು ಜೊತೆ ಬಟ್ಟೆ, ಊಟ, ಔಷಧಿ ನಿಮ್ಮ ಕೈಚೀಲದಲ್ಲೇ ಇರಲಿ. ಡೈಪರ್ ಹಡಗಿನ ಅಂಗಡಿಯಲ್ಲಿ ಸಿಗುತ್ತದೆ ಅಂದುಕೊಳ್ಳಬೇಡಿ, ದಿನಕ್ಕೆ ಎರಡು ಹೆಚ್ಚಾಗಿಯೇ ಲೆಕ್ಕ ಹಾಕಿ. ಹೊರಡುವ ಮೊದಲು ಸುರಕ್ಷತೆಯ ಕವಾಯತು ನಡೆಯುತ್ತದೆ: ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದಕ್ಕೆ ಸೈರನ್ ಕೂಗುತ್ತದೆ. ಎದೆಗೆ ಗುದ್ದಿದಂಥ ಸದ್ದು. ಮಗುವಿನ ಕಿವಿ ಮುಚ್ಚಿ ಎದೆಗವಚಿಕೊಳ್ಳಿ. ಆದರೆ ಆ ಕವಾಯತನ್ನು ತಪ್ಪಿಸಿಕೊಳ್ಳಬೇಡಿ, ಮಗುವಿನ ಅಳತೆಯ ಲೈಫ್ ಜಾಕೆಟ್ ಎಲ್ಲಿದೆ ಅಂತ ಅಲ್ಲೇ ಕೇಳಿ, ಕಣ್ಣಾರೆ ನೋಡಿ.

ಕಾಗದಪತ್ರ: ಮಗುವಿಗೂ ಪ್ರತ್ಯೇಕ ಟಿಕೆಟ್, ಗುರುತಿನ ಚೀಟಿ ಬೇಕು. ದೇಶದೊಳಗಿನ ಪ್ರಯಾಣಕ್ಕೆ ಆಧಾರ್, ಜನನ ಪ್ರಮಾಣಪತ್ರ ಎರಡನ್ನೂ ಇಟ್ಟುಕೊಳ್ಳಿ. ಶ್ರೀಲಂಕಾ, ಸಿಂಗಪುರದ ಕಡೆ ಹೋಗುವ ಹಡಗಾದರೆ ಅವಳದೇ ಪಾಸ್‌ಪೋರ್ಟ್ ಬೇಕು. ಮಕ್ಕಳ ಪಾಸ್‌ಪೋರ್ಟಿನ ಅವಧಿ 5 ವರ್ಷ.

ಅಮ್ಮನ ಹತ್ತಿರ ಬಿಡುವ ಮಾತು. ಪ್ರವಾಸ ಐದಾರು ರಾತ್ರಿಯದ್ದಾದರೆ, ಅಥವಾ ಹೊರಡುವ ವಾರ ಮಗುವಿಗೆ ಜ್ವರವೋ ಕಿವಿ ನೋವೋ ಬಂದರೆ, ಬಿಟ್ಟೇ ಹೋಗಿ, ಇಲ್ಲವೇ ನೀವೂ ಉಳಿದುಕೊಳ್ಳಿ. ಎರಡು ರಾತ್ರಿಯದ್ದಾದರೆ ಜೊತೆಗಿರಲಿ. ಈ ವಯಸ್ಸಿನಲ್ಲಿ ಅವಳಿಗೆ ಸಮುದ್ರ ನೆನಪಿರುವುದಿಲ್ಲ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ, ನನಗೂ ಹೇಳಿದರು. ಮಾವನವರಿಗೆ ನೆನಪಿದೆ. ಎರಡನೇ ಸಂಜೆ ಟವೆಲ್ ಅವರ ಹೆಗಲಿಗೇ ಮರಳಿತ್ತು. ಮೊಮ್ಮಗನನ್ನು ತೋಳಲ್ಲಿ ಹೊತ್ತು ಒಂದು ಗಂಟೆ ಕಿಟಕಿಯ ಪಕ್ಕ ಕೂತಿದ್ದರು, ಇಬ್ಬರೂ ಮಾತಿಲ್ಲ. ಎಲ್ಲರೂ ಜೊತೆಗಿರಬೇಕು ಅಂತ ನೀವು ಕುಟುಂಬವಾಗಿ ಹೊರಟಿದ್ದೀರಲ್ಲ, ಮಗಳೂ ಅದರಲ್ಲಿ ಸೇರಲಿ.

ಹುರಿಹಿಟ್ಟಿನ ಅಳತೆ ಬೇಕಾಗಬಹುದು: ದಿನಕ್ಕೆ ಎರಡು ಹೊತ್ತಿನಂತೆ ಮೂರು ದಿನಕ್ಕೆ ನಮಗೆ ಕಾಲು ಕೆ.ಜಿ. ಸಾಕಾಗಿ ಮಿಕ್ಕಿತು. ಹೊರಡುವ ಹದಿನೈದು ದಿನ ಮುಂಚೆಯೇ ಮನೆಯಲ್ಲಿ ತಿನ್ನಿಸಿ ರೂಢಿ ಮಾಡಿಸಿ.